ಕಲೋಪಜೀವಿಗಳೂ ದಾಸೋಹಧರ್ಮವೂ

ಹಸಿದವನಿಗೆ ಅನ್ನವಿಕ್ಕಬೇಕೆಂಬುದರಲ್ಲಿ ಚರ್ಚೆಗೆ ಆಸ್ಪದವಿಲ್ಲ. ಆದರೆ ಹಸಿದವನೇ ಕೈನೀಡಲು ಒಲ್ಲೆನೆಂದಾಗ ಗೃಹಸ್ಥನು ಮಾಡತಕ್ಕದ್ದೇನು? 2020ನೆಯ ಇಸವಿಯ ಬೇಸಗೆಯಲ್ಲಿ ಈ ಪ್ರಶ್ನೆಯು ನಮ್ಮ ಊರಿನ ಕೆಲವು ಮಂದಿಯ ಮುಂದೆ ಬಂದು ನಿಂತಿತು. ಅಂದು ನಾವು ಕೊಟ್ಟ ಉತ್ತರವು ಅರೆಕೊರೆಯದು. ಅದನ್ನು ಈಗಲಾದರೂ ಸಾವಧಾನದಿಂದ ವಿಚಾರಿಸಬೇಕೆಂಬ ಉದ್ದೇಶದಿಂದ ಈ ನಾಲ್ಕು ಮಾತುಗಳನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇನೆ.

ಆ ಕಾಲದ ಪರಿಸ್ಥಿತಿಯನ್ನು ಯಾರೂ ಮರೆತಿರಲಾರರು. ಮಾರ್ಚ್ 13ರಂದು ರಾಜ್ಯ ಸರಕಾರವು ಚಿತ್ರಮಂದಿರಗಳನ್ನೂ ಜನ ನೆರೆಯುವ ಸಮಾರಂಭಗಳನ್ನೂ ಒಂದು ವಾರದ ಮಟ್ಟಿಗೆ ನಿಲ್ಲಿಸುವುದಾಗಿ ಸಾರಿತು. ಆ ವಾರ ಮುಗಿಯಲೇ ಇಲ್ಲ. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಮರುವರುಷ ಏಪ್ರಿಲ್ 27ರ ರಾತ್ರಿಯಿಂದ ನಮ್ಮ ರಾಜ್ಯದಲ್ಲಿ ಮತ್ತೆ ಅದೇ ಕಟ್ಟುಪಾಡು. ಈ ಎರಡು ತೇದಿಗಳನ್ನು ಒಕ್ಕಲಿಗನು ಒಂದು ಬಗೆಯಾಗಿ ಎಣಿಸುತ್ತಾನೆ, ಕಲಾವಿದನು ಬೇರೊಂದು ಬಗೆಯಾಗಿ ಎಣಿಸುತ್ತಾನೆ. ಸುಗ್ಗಿ ಮುಗಿದು ಕಣ ಬರಿದಾದ ಮೇಲೆ, ಫಾಲ್ಗುಣದಿಂದ ವೈಶಾಖದ ವರೆಗೆ, ಊರೂರಿನ ತೇರುಗಳು ಎಳೆಯಲ್ಪಡುವ ಕಾಲವೇ ಅವನ ಸುಗ್ಗಿ. ನಾಟಕ ಕಂಪನಿಯವರು ತಗಡಿನ ಚಪ್ಪರ ಕಟ್ಟುವುದು, ಪುರವಂತರು ಒಡಪು ಹೇಳಿ ಕುಣಿಯುವುದು, ಕರಡಿ ಮಜಲಿನವರೂ ಸಮಾಳ ನಂದಿಕೋಲಿನವರೂ ಪಲ್ಲಕ್ಕಿಯ ಮುಂದೆ ನಡೆಯುವುದು ಹೆಚ್ಚಾಗಿ ಆ ದಿನಗಳಲ್ಲಿಯೇ. ಕರಾವಳಿಯ ಯಕ್ಷಗಾನ ಮೇಳಗಳದೂ ಇದೇ ಕಥೆ. ನವೆಂಬರದ ಸುಮಾರಿಗೆ ಗೆಜ್ಜೆ ಕಟ್ಟಿ, ಮೇ ತಿಂಗಳ ಕಡೆಯ ಪತ್ತನಾಜೆಯ ವರೆಗೆ ತಿರುಗಾಟ ನಡೆಸತಕ್ಕವರು ಮಾರ್ಚಿನಲ್ಲಿಯೇ ಗೆಜ್ಜೆ ಬಿಚ್ಚಬೇಕಾಯಿತು. ವರುಷದ ಅನ್ನವನ್ನು ಮೂರು ತಿಂಗಳಲ್ಲಿ ಗಳಿಸುವವನಿಗೆ ಆ ಮೂರು ತಿಂಗಳು ಹೋದರೆ ವರುಷವೇ ಹೋಯಿತು.

ನಮ್ಮ ಊರಿನಲ್ಲಿ ಏಳೆಂಟು ಜನ ಸೇರಿ ಪಟ್ಟಿ ಎತ್ತಿದೆವು. ಮೊದಲು ಜೋಳ, ಅಕ್ಕಿ, ಬೇಳೆ, ಎಣ್ಣೆಗಳ ಗಂಟುಗಳನ್ನು ಮಾಡಿ ಕಲಾವಿದರ ಮನೆಗಳಿಗೆ ಮುಟ್ಟಿಸುವುದೆಂದು ಗೊತ್ತಾಯಿತು. ಅವರಲ್ಲಿ ಒಬ್ಬ ವೃದ್ಧ ಪುರವಂತನಿದ್ದನು. ನಾಲ್ವತ್ತು ವರುಷ ವೀರಭದ್ರನ ಮುಂದೆ ಕುಣಿದ ಕಾಲು ಅವನದು. ಗಂಟನ್ನು ಕಟ್ಟೆಯ ಮೇಲಿಟ್ಟಾಗ ಅವನು ಅದನ್ನು ನೋಡಿ, ನನ್ನನ್ನು ನೋಡಿ, “ಕುಣೀಲಾರದ ಕಾಳು ಹ್ಯಾಂಗ ತೊಗೊಳ್ಳಲಿ, ಮಾಸ್ತರ?” ಎಂದನು. ನನಗೆ ಮಾತು ಹೊರಡಲಿಲ್ಲ. ನನ್ನೊಡನೆ ಬಂದಿದ್ದ ವರ್ತಕ ಮಹಾಶಯರು ಮಾತ್ರ ಹರ್ಷಪುಲಕಿತರಾಗಿ, ಆಯ್ದಕ್ಕಿ ಲಕ್ಕಮ್ಮನ ನಿಷ್ಠೆ ಇನ್ನೂ ಈ ನಾಡಿನಲ್ಲಿ ಉಳಿದಿದೆಯೆಂದು ಅವನನ್ನು ಕೊಂಡಾಡಿದರು. ಗಂಟು ಮರಳಿ ಬಂದಿತು. ದಾರಿಯುದ್ದಕ್ಕೂ ನಾವು ಅವನ ಹಿರಿಮೆಯನ್ನೇ ಮಾತನಾಡಿದೆವು. ಆ ತಿಂಗಳೆಲ್ಲ ಆ ಮನೆಯಲ್ಲಿ ಒಪ್ಪತ್ತಿನ ಊಟವಿದ್ದಿತೆಂಬುದು ನಮಗೆ ತಿಳಿದುದು ಬಹಳ ತಡವಾಗಿ, ಅದೂ ಬೇರೆಯವರ ಬಾಯಿಂದ.

ಇಲ್ಲಿ ತಪ್ಪಿದವರು ಯಾರು? ಪುರವಂತನಂತೂ ಅಲ್ಲ. ಲಕ್ಕಮ್ಮನ ಕಥೆಯನ್ನು ಬಲ್ಲೆವೆಂದುಕೊಂಡ ನಾವು ಅದನ್ನು ತಲೆಕೆಳಗಾಗಿ ಓದಿದ್ದೆವು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚಾಗಿ ತಂದನು. ಸತಿಯು ಅದನ್ನು ಒಪ್ಪದೆ ತಂದಲ್ಲಿಗೇ ಮರಳಿಸಹೇಳಿದಳು. ಈ ಕಥೆಯನ್ನು ಪ್ರವಚನದಲ್ಲಿ ಎಷ್ಟು ಸಲ ಕೇಳಿಲ್ಲ ನಾವು! ಆದರೆ ಆಕೆ ಆ ಮಾತನ್ನು ಆಡಿದುದು ಯಾರಿಗೆ? ತನ್ನ ಪತಿಗೆ, ತನ್ನ ಮನೆಯ ಒಲೆಯ ಮುಂದೆ, ತಾನು ಅಟ್ಟು ಉಣ್ಣಬೇಕಾದ ಅಕ್ಕಿಯ ವಿಷಯವಾಗಿ. ನೆರೆಮನೆಯ ಮಡಕೆಯಲ್ಲಿ ಎಷ್ಟು ಅಕ್ಕಿ ಇರಬೇಕೆಂದು ಲಕ್ಕಮ್ಮನು ಎಲ್ಲಿಯೂ ಅಳೆಯಹೋಗಲಿಲ್ಲ. ತನಗೆ ತಾನು ಹೇಳಿಕೊಳ್ಳುವಾಗ ಅದು ನಿಷ್ಠೆ. ಹೊಟ್ಟೆ ತುಂಬಿದವನು ಹಸಿದವನ ಬಾಗಿಲಲ್ಲಿ ನಿಂತು ಅದನ್ನೇ ಹೇಳಿದರೆ ಅದಕ್ಕೆ ಏನೆನ್ನಬೇಕೋ ತಿಳಿಯದು. ಇನ್ನೂ ಒಂದು ಸಂಗತಿಯುಂಟು. ಲಕ್ಕಮ್ಮ ಮರಳಿಸಿದುದು ಹೆಚ್ಚಾದುದನ್ನು. ಆ ದಿನಕ್ಕೆ ಬೇಕಾದಷ್ಟನ್ನು ಆಕೆ ಬೇಡವೆನ್ನಲಿಲ್ಲ. ನಮ್ಮ ಗಂಟಿನಲ್ಲಿ ಹೆಚ್ಚೆಂಬುದು ಏನಿತ್ತು?

ಇಷ್ಟಾದರೂ ಅವನ ಪ್ರಶ್ನೆಯು ಹಾಗೆಯೇ ಉಳಿಯುತ್ತದೆ. ಕಾಯಕವಿಲ್ಲದೆ ಕೊಳ್ಳುವುದು ಭಿಕ್ಷೆಯಲ್ಲವೆ? ಶರಣಧರ್ಮದಲ್ಲಿ ಕಾಯಕಕ್ಕಿರುವ ಸ್ಥಾನವನ್ನು ಬಲ್ಲವರು ಇದನ್ನು ಹಗುರವಾಗಿ ತಳ್ಳಿಹಾಕಲಾರರು. ನಾನು ಬಹುದಿನ ಇದನ್ನು ಕುರಿತು ಯೋಚಿಸಿದ್ದೇನೆ. ಉತ್ತರವು ಕಡೆಗೆ ಹೊಳೆದುದು ನನ್ನ ಸಂಬಳದ ಪುಸ್ತಕದಿಂದಲೇ ಎಂದರೆ ನಗಬಾರದು. ಶಾಲೆಯ ಬಾಗಿಲು ಮುಚ್ಚಿತ್ತು, ಹುಡುಗರು ಬರಲಿಲ್ಲ, ತಿಂಗಳಾಗುತ್ತಲೇ ಸಂಬಳ ಖಾತೆಗೆ ಬಂದು ಬಿದ್ದಿತು. ಪಾಠ ಹೇಳದ ಸಂಬಳವನ್ನು ಹೇಗೆ ಕೊಳ್ಳಲೆಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಬೇಕೆಂದು ತೋಚಲೂ ಇಲ್ಲ. ಪುರವಂತನು ಕುಣಿಯದೆ ಇದ್ದುದು ಆಲಸ್ಯದಿಂದಲ್ಲ. ಅವನು ಕುಣಿದರೆ ಜನ ಸೇರುವರು, ಸೇರಿದರೆ ರೋಗ ಹಬ್ಬುವುದು. ಆದಕಾರಣ ಕುಣಿಯಬೇಡವೆಂದು ಹೇಳಿದವರು ನಾವು. ನಮ್ಮೆಲ್ಲರ ಜೀವರಕ್ಷಣೆಗಾಗಿ ಅವನು ತನ್ನ ಸುಗ್ಗಿಯನ್ನು ಬಿಟ್ಟುಕೊಟ್ಟನು. ಆ ವರುಷ ಗೆಜ್ಜೆಯನ್ನು ಗೂಟಕ್ಕೆ ತೂಗಹಾಕಿದುದೇ ಅವನು ಊರಿಗೆ ಸಲ್ಲಿಸಿದ ಸೇವೆ. ನನ್ನ ಸುಮ್ಮನಿರುವಿಕೆಗೆ ಸಂಬಳವೆಂದೂ ಅವನ ಸುಮ್ಮನಿರುವಿಕೆಗೆ ಭಿಕ್ಷೆಯೆಂದೂ ಹೆಸರಿಟ್ಟುದು ಯಾವ ನ್ಯಾಯ?

ದಾನ ಮತ್ತು ದಾಸೋಹಗಳ ಭೇದವನ್ನು ಈ ಪತ್ರಿಕೆಯ ವಾಚಕರಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ. ಕೊಡುವೆನೆಂಬ ಅಹಂಕಾರ ಮೊದಲನೆಯದರಲ್ಲಿ ಉಳಿಯುತ್ತದೆ. ಸಲ್ಲಿಸುವೆನೆಂಬ ವಿನಯ ಎರಡನೆಯದರ ಜೀವ. ಕಲಾವಿದರ ವಿಷಯದಲ್ಲಿ ವಿನಯಕ್ಕೆ ಇನ್ನೊಂದು ಕಾರಣವೂ ಇದೆ: ನಾವು ಅವರಿಗೆ ಋಣಿಗಳು. ಹಿಂದೆ ಊರಿಗೊಂದು ಶಾಲೆಯ ಕಟ್ಟಡವೋ ವಿದ್ಯಾರ್ಥಿನಿಲಯವೋ ಗುಡಿಯ ಗೋಪುರವೋ ಆಗಬೇಕಾದಾಗ ಹಿರಿಯರು ಹೋಗುತ್ತಿದ್ದುದು ಕ್ಯಾಂಪು ಹಾಕಿದ ಕಂಪನಿಯ ಮಾಲೀಕನ ಬಳಿಗೆ. ಸಹಾಯಾರ್ಥ ಪ್ರಯೋಗವೆಂದು ಒಂದು ರಾತ್ರಿಯ ಹುಟ್ಟುವಳಿಯನ್ನು ಅವನು ಬಿಟ್ಟುಕೊಡುತ್ತಿದ್ದನು. 1884ರಲ್ಲಿ ಹುಟ್ಟಿದ ಗುಬ್ಬಿಯ ಕಂಪನಿಯು ಚನ್ನಬಸವೇಶ್ವರನ ಹೆಸರನ್ನು ತಲೆಯ ಮೇಲೆ ಹೊತ್ತೇ ನಾಡನ್ನು ಸುತ್ತಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಚರಿತ್ರೆಯನ್ನು ನೋಡಿರಿ. ಹಾನಗಲ್ಲ ಕುಮಾರ ಸ್ವಾಮಿಗಳ ಕೃಪೆಯಿಂದ ಸಂಗೀತವನ್ನು ಕಲಿತ ಅಂಧರಾದ ಪಂಚಾಕ್ಷರಿ ಗವಾಯಿಗಳು (1892–1944) ಶಿಷ್ಯಸಮೂಹವನ್ನು ಕಟ್ಟಿಕೊಂಡು ಊರೂರು ಸಂಚರಿಸಿದರು. ಹಾಡಿದರು, ಭಕ್ತರಲ್ಲಿ ಬೇಡಿದರು, ಆ ಮಕ್ಕಳನ್ನು ಸಾಕಿದರು. ಅವರ ಅನಂತರ ಪುಟ್ಟರಾಜ ಗವಾಯಿಗಳು (1914–2010), ತಾವೂ ಅಂಧರಾಗಿದ್ದು, ನಾಟಕಗಳನ್ನು ಬರೆದು ಆಶ್ರಮದ ನಾಟ್ಯಸಂಘದ ಮೂಲಕ ಆಡಿಸಿ ಬಂದ ಹಣದಿಂದ ಅನಾಥರಿಗೂ ಅಂಧರಿಗೂ ಅನ್ನವಿಕ್ಕಿದರು. ಇಲ್ಲಿ ಕಲೆಯು ದಾಸೋಹವನ್ನು ಸಾಕಿತೋ, ದಾಸೋಹವು ಕಲೆಯನ್ನು ಸಾಕಿತೋ ಬೇರ್ಪಡಿಸಿ ಹೇಳಲಾಗದು. ಬಸವರಾಜ ರಾಜಗುರುಗಳಂಥ ಗಾಯಕರು ಬೆಳೆದು ಬಂದುದು ಈ ಜೋಳಿಗೆಯ ಅನ್ನದಿಂದಲೇ ಎಂಬುದನ್ನು ನೆನೆದರೆ ಸಾಕು. ಇನ್ನೂ ಹಿಂದಕ್ಕೆ ಹೋದರೆ, ವೇಷ ಹಾಕುವ ಬಹುರೂಪಿ ಚೌಡಯ್ಯ, ಢಕ್ಕೆ ಬಾರಿಸುವ ಬೊಮ್ಮಣ್ಣ, ಜನರನ್ನು ನಗಿಸಿ ಜೀವಿಸಿದ ನಗೆಯ ಮಾರಿತಂದೆ, ಇವರು ಕಲ್ಯಾಣದಲ್ಲಿ ಸಭೆಯ ಹೊರಗೆ ನಿಂತವರಲ್ಲ.

ಆದರೆ ಆಸ್ಪತ್ರೆಯಲ್ಲಿ ಉಸಿರಿಗೆ ಕೊರತೆಯಿರುವಾಗ ಕುಣಿತಕ್ಕೆ ಹಣವೇ ಎಂದು ಕೇಳಿದವರುಂಟು. 2021ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಈ ಮಾತಿಗೆ ನಾನು ಎದುರಾಡಲಿಲ್ಲ, ಇಂದೂ ಆಡುವುದಿಲ್ಲ. ಪ್ರಾಣವಾಯುವಿನ ಸಿಲಿಂಡರಿಗೂ ಸಮಾಳದ ತೊಗಲಿಗೂ ಒಂದೇ ದಿನ ಹಣ ಬೇಕಾದರೆ ಸಿಲಿಂಡರೇ ಮೊದಲು. ಆದರೆ ನಮ್ಮ ಊರಿನ ಲೆಕ್ಕ ಹಾಗಿರಲಿಲ್ಲ. ಎರಡು ವರುಷ ತೇರು ಎಳೆಯಲಿಲ್ಲ. ಹೂವಿನ ಹಣ, ಚಪ್ಪರದ ಹಣ, ಪಟಾಕಿಯ ಹಣ, ಪ್ರಸಾದದ ಹಣ ಎಲ್ಲವೂ ಮನೆಮನೆಯಲ್ಲಿ ಉಳಿದವು. ಅದರಲ್ಲಿ ಪುರವಂತನ ಸಂಭಾವನೆಯೂ ನಾಟಕದ ಚೀಟಿಯ ಹಣವೂ ಸೇರಿದ್ದಿತು. ನಾವು ಎತ್ತಿದ ಪಟ್ಟಿಯು ಹೊಸ ಔದಾರ್ಯವೇನೂ ಅಲ್ಲ. ಕೊಡಬೇಕಾಗಿದ್ದುದನ್ನು ತಡೆದು ಕೊಟ್ಟುದು. ಹೀಗೆ ವಿಚಾರಿಸಿದ ಮೇಲೆ ಪಟ್ಟಿಯ ಪುಸ್ತಕದ ಮೇಲೆ ಬರೆದಿದ್ದ “ಸಹಾಯನಿಧಿ” ಎಂಬ ಶಬ್ದವನ್ನು ಹೊಡೆದುಹಾಕಿ “ಜಾತ್ರೆಯ ಬಾಕಿ” ಎಂದು ಬರೆಸಿದೆವು. ಇದು ಹುಡುಗಾಟಿಕೆಯೆಂದು ಕೆಲವರು ನಕ್ಕರು. ಆದರೆ ಆ ಪುಸ್ತಕವನ್ನು ಹಿಡಿದುಕೊಂಡು ಎರಡನೆಯ ಸಲ ಹೋದಾಗ ಪುರವಂತನು ತನ್ನ ಪಾಲನ್ನು ಎಣಿಸಿ, ಹೆಬ್ಬೆಟ್ಟು ಒತ್ತಿ, ಒಳಗಿಟ್ಟನು. ಏನೂ ಕೇಳಲಿಲ್ಲ.

ಪಟ್ಟಿ ಮಾಡುವುದರಲ್ಲಿಯೇ ಅನ್ಯಾಯ ಹುಟ್ಟುವುದೆಂಬುದನ್ನೂ ಅನುಭವದಿಂದ ಕಂಡೆವು. 2021ರ ಮೇ ತಿಂಗಳಲ್ಲಿ ಸರಕಾರವು ಕಲಾವಿದರಿಗೆ ತಲಾ 3,000 ರೂಪಾಯಿಗಳನ್ನು ಘೋಷಿಸಿತು. ಒಳ್ಳೆಯದೇ ಆಯಿತು. ಆದರೆ ಕಾಗದಪತ್ರಗಳಲ್ಲಿ ಕಲಾವಿದನೆಂದು ಸಿದ್ಧವಾಗಬಲ್ಲವನಿಗೇ ಇಂಥ ಹಣ ಸುಲಭ. ನಾಟಕದ ಪರದೆ ಎಳೆಯುವವನು, ಬಣ್ಣ ಬಳಿಯುವವನು, ಕಂಪನಿಯ ಅಡಿಗೆಯವಳು, ಇವರ ಹೆಸರು ಕರಪತ್ರದಲ್ಲಿಯೇ ಇರುವುದಿಲ್ಲ. ಊರಿನವರಿಗಾದರೋ ಇವರ ಮುಖ ಗೊತ್ತು. ಸರಕಾರದ ಕಣ್ಣಿಗೆ ಬೀಳದವರನ್ನು ಕಾಣುವುದೇ ಊರ ಪಟ್ಟಿಯ ಕೆಲಸವಾಗಿರಲಾಗಿ, ನಾವೂ ಗುರುತಿನ ಚೀಟಿ ಕೇಳುತ್ತ ಕುಳಿತರೆ ನಾವು ಇದ್ದೇನು ಪ್ರಯೋಜನ? ಮೊದಲ ಸಲ ನಾವು ಕೇಳಿದೆವು. ಒಪ್ಪಿಕೊಳ್ಳುತ್ತೇನೆ.

ಇನ್ನು ಛಾಯಾಚಿತ್ರದ ವಿಷಯ. ಗಂಟು ಕೊಡುವ ಕೈ ಐದು, ಕೊಳ್ಳುವ ಕೈ ಒಂದು, ಎದುರಿಗೆ ಮೊಬೈಲು. ಬಣ್ಣ ಹಚ್ಚಿಕೊಂಡು ರಾವಣನಾಗಿ ಸಾವಿರ ಜನರ ಮುಂದೆ ನಿಂತವನಿಗೆ ಬಣ್ಣವಿಲ್ಲದ ಮುಖದಿಂದ ಆ ಒಂದು ಮೊಬೈಲಿನ ಮುಂದೆ ನಿಲ್ಲುವುದು ಎಷ್ಟು ಕಠಿನವೆಂಬುದನ್ನು ಅವರ ಕಣ್ಣು ನೋಡಿದವರು ಬಲ್ಲರು. ಕೆಲವು ಕಡೆ, ಪುಕ್ಕಟೆ ಕೊಂಡಂತಾಗಬಾರದೆಂದು, ಮೊಬೈಲಿನ ಮುಂದೆ ಹಾಡಿಸಿ ಕುಣಿಸಿ ಹಣ ಕೊಟ್ಟರು. ಗಾಯಕರಿಗೂ ಭಾಗವತರಿಗೂ ಇದು ಸಮ್ಮತವಾಗಿರಬಹುದು. ಹಲವರು ಸಂತೋಷದಿಂದಲೇ ಹಾಡಿದರು. ಆದರೆ ಪುರವಂತನ ಕುಣಿತವು ವೀರಭದ್ರನ ಎದುರಿನದು. ಖಾಲಿ ಅಂಗಳದಲ್ಲಿ ಮೊಬೈಲು ಹಿಡಿದ ಹುಡುಗನೊಬ್ಬನ ಮುಂದೆ ಖಡ್ಗ ಹಿರಿದು ಒಡಪು ಹೇಳೆಂದು ಅವನನ್ನು ಕೇಳುವ ಧೈರ್ಯ ನಮಗಂತೂ ಆಗಲಿಲ್ಲ.

2022ರಲ್ಲಿ ತೇರು ಮತ್ತೆ ಹೊರಟಿತು. ಮುದುಕನ ಕಾಲು ಸೋತಿತ್ತು. ಮೊಮ್ಮಗನು ಗೆಜ್ಜೆ ಕಟ್ಟಿದನು, ಇವನು ಪಕ್ಕದಲ್ಲಿ ನಿಂತು ಒಡಪು ಹೇಳಿಕೊಟ್ಟನು. ಎರಡು ವರುಷ ಗೂಟದಲ್ಲಿದ್ದ ಸಮಾಳಗಳ ತೊಗಲು ಬಿರಿದು ಹೋಗಿದ್ದುದರಿಂದ ಹೊಸದಾಗಿ ಹೊದಿಸಬೇಕಾಯಿತು. ಆ ವೆಚ್ಚವನ್ನು “ಜಾತ್ರೆಯ ಬಾಕಿ”ಯಿಂದಲೇ ಭರಿಸಿದೆವು. ಇಷ್ಟಾಗಿಯೂ ಪುಸ್ತಕದಲ್ಲಿ ಸ್ವಲ್ಪ ಹಣ ಉಳಿದಿದೆ. ಕಾಯಿಲೆಯ ಕಾಲಕ್ಕೆಂದು ಎತ್ತಿದ ಹಣವನ್ನು ಕಾಯಿಲೆಯಿಲ್ಲದ ಕಾಲದಲ್ಲಿ ಮಕ್ಕಳಿಗೆ ಸಮಾಳ ಕಲಿಸಲು ವಿನಿಯೋಗಿಸಬಹುದೇ ಎಂದು ಕೆಲವರು ಕೇಳುತ್ತಾರೆ; ಮುಂದಿನ ಆಪತ್ತಿಗೆ ಇರಲೆಂದು ಕೆಲವರು ಹೇಳುತ್ತಾರೆ. ವರ್ತಕ ಮಹಾಶಯರು ಈಗ ಮೊದಲಿನ ಪಕ್ಷದಲ್ಲಿದ್ದಾರೆ. ಈ ಸಲದ ಸಭೆಯಲ್ಲಿ ಅದನ್ನು ಮೊದಲು ಮುದುಕನನ್ನು ಕರೆಸಿ ಕೇಳುವುದೆಂದು ಗೊತ್ತಾಗಿದೆ.