ನೋವಿಗೆ ಸಾಕ್ಷಿ ಕೇಳುವವರು

ನಮ್ಮವ್ವನಿಗೆ ಹೊಟ್ಟೆ ನೋವು. ಇದೂ ಪತ್ರಿಕೆಯಲ್ಲಿ ಬರೆಯುವ ವಿಷಯವೇ ಎಂದು ಗೆಳೆಯರು ಕೇಳಬಹುದು. ಭೂಮಿ, ಕೂಲಿ, ಜಾತಿ, ಮೀಸಲಾತಿ ಎಲ್ಲ ಬಿಟ್ಟು ಒಬ್ಬ ಹೆಣ್ಣುಮಗಳ ಹೊಟ್ಟೆಯ ಮಾತೇಕೆ ಅನ್ನಬಹುದು. ಎಂಟು ತಿಂಗಳಿಂದ ಆ ನೋವಿನ ಹೆಸರು ಹುಡುಕಿಕೊಂಡು ಬಾಗಿಲಿಂದ ಬಾಗಿಲಿಗೆ ಅಲೆದ ನಮಗೆ ಒಂದು ಪ್ರಶ್ನೆ ಹುಟ್ಟಿಕೊಂಡಿದೆ. ಒಬ್ಬರು 'ನೋಯ್ತೈತಿ' ಅಂದರೆ ಅದನ್ನು ನಂಬಲು ಇನ್ನೊಬ್ಬರಿಗೆ ಏನು ಬೇಕು? ಯಾರ ಮಾತು ಸಾಕ್ಷಿಯಿಲ್ಲದೆ ನಡೆಯುತ್ತದೆ, ಯಾರ ಮಾತಿಗೆ ಹೆಜ್ಜೆ ಹೆಜ್ಜೆಗೂ ಪುರಾವೆ ಕೇಳುತ್ತಾರೆ? ಈ ಪ್ರಶ್ನೆ ಹೊಟ್ಟೆಯದೂ ಹೌದು, ನ್ಯಾಯದ್ದೂ ಹೌದು. ಅದಕ್ಕೇ ಬರೆಯುತ್ತಿದ್ದೇವೆ.

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಒಂದು ಮನೆಯ ಹಿತ್ತಲ ಕೋಣೆ ನಮ್ಮ ಬಿಡಾರ. ಹರಿಹರ ತಾಲ್ಲೂಕಿನ ಒಂದು ಹಳ್ಳಿಯ ಕೇರಿಯಿಂದ ಬಂದವರು ನಾವು. ಅವ್ವ ಮೊದಲು ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿದಳು. ಈಗ ಬಡಾವಣೆಯ ಮೂರು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಾಳೆ, ನೆಲ ಒರೆಸುತ್ತಾಳೆ. ನಮ್ಮಲ್ಲೊಬ್ಬನ ಕೆಲಸ ಕಾಯಮ್ಮಾದ ದಿನ ಅವಳನ್ನು ಕರಕೊಂಡು ಹೋಗಿ ಬೆಣ್ಣೆ ದೋಸೆ ತಿನ್ನಿಸಿದೆವು. ಇಷ್ಟು ವರ್ಷ ಈ ಊರಲ್ಲಿದ್ದೂ ಹೋಟೆಲಿನ ಮೇಜಿನ ಮುಂದೆ ಕೂತು ಅವಳು ಬೆಣ್ಣೆ ದೋಸೆ ತಿಂದದ್ದು ಅದೇ ಮೊದಲು. ಆ ರಾತ್ರಿ ಹನ್ನೊಂದರ ಸುಮಾರಿಗೆ ಬಲಗಡೆ ಪಕ್ಕೆಲುಬಿನ ಅಡಿ ನೋವು ಹಿಡಿದುಕೊಂಡಿತು. ಬೆನ್ನಿಗೆ ಹೋಯಿತು, ಬಲ ಹೆಗಲಿಗೆ ಹೋಯಿತು. ಮೂರು ತಾಸು ಗೋಡೆ ಹಿಡಿದು ಕೂತಳು. ಬೆಳಗಿನ ಜಾವ ತಾನೇ ಬಿಟ್ಟಿತು. ಐದಕ್ಕೆ ಎದ್ದು ಕೆಲಸಕ್ಕೆ ಹೋದಳು.

ನಾವೇನು ಮಾಡಿದೆವು? 'ಗ್ಯಾಸು' ಅಂದೆವು. ಸೋಡಾ ಕುಡಿ ಅಂದೆವು. ಇದನ್ನು ಮೊದಲೇ ಒಪ್ಪಿಕೊಳ್ಳಬೇಕು. ಸಭೆಗಳಲ್ಲಿ ನೊಂದವರ ದನಿ ಕೇಳಬೇಕು ಎಂದು ಗಂಟಲು ಹರಿಯುವಂತೆ ಕೂಗಿದವರು ನಾವು, ನಮ್ಮ ಕೋಣೆಯಲ್ಲೇ ಗೋಡೆ ಹಿಡಿದು ಕೂತವಳ ದನಿಯನ್ನು ಒಂದು ಶಬ್ದದಲ್ಲಿ ಮುಗಿಸಿಬಿಟ್ಟೆವು. ಬಡವರ ಮನೆಯ ಎಲ್ಲ ಕಾಯಿಲೆಗೂ ಈ ಒಂದೇ ಹೆಸರು. ಕಾಸು ಖರ್ಚಿಲ್ಲ, ಕೆಲಸ ತಪ್ಪುವುದಿಲ್ಲ. ಎರಡನೆಯ ಸಲ ಬಂತು. ಮೂರನೆಯ ಸಲ ಬಂತು. ಆಗಲೂ ಅವ್ವ ನಮಗೇ ಸಮಾಧಾನ ಹೇಳಿದಳು: "ಬಿಡ್ರಪ್ಪ, ಎಲ್ಲಾರಿಗೂ ಬರ್ತೈತಿ."

ನಮ್ಮ ಭಾಷೆಯೂ ಇದರಲ್ಲಿ ಪಾಲುದಾರ. ನ್ಯಾಯ ಕೇಳಿ ದನಿ ಎತ್ತಿದವನಿಗೆ 'ಪಿತ್ತ ನೆತ್ತಿಗೇರಿದೆ' ಅನ್ನುತ್ತಾರೆ. ಉಳ್ಳವನ ಮನೆ ನೋಡಿ ಇದೇಕೆ ಹೀಗೆ ಎಂದವನಿಗೆ 'ಹೊಟ್ಟೆಯುರಿ' ಅನ್ನುತ್ತಾರೆ. ಇಲ್ಲದವರ ಹೊಟ್ಟೆಯಲ್ಲಿ ಆಗುವುದೆಲ್ಲ ಅವರ ಗುಣದೋಷ, ಉಳ್ಳವರ ಹೊಟ್ಟೆಯಲ್ಲಿ ಆಗುವುದು ಮಾತ್ರ ರೋಗ! ಆದರೆ ಇದೇ ಭಾಷೆ ಇನ್ನೊಂದು ಸತ್ಯವನ್ನೂ ಇಟ್ಟುಕೊಂಡಿದೆ. ಕನ್ನಡದಲ್ಲಿ ನೋವನ್ನು 'ತಿನ್ನುತ್ತೇವೆ'. ತಿಂದವರಿಗಷ್ಟೇ ಅದರ ರುಚಿ ಗೊತ್ತು. ಪಕ್ಕದಲ್ಲಿ ಕೂತವರ ನಾಲಿಗೆಗೆ ಅದು ಸಿಗುವುದಿಲ್ಲ. ಹಾಗಾಗಿ ಪಕ್ಕದವರ ಮುಂದೆ ಎರಡೇ ದಾರಿ: ನಂಬುವುದು, ಇಲ್ಲವೇ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು.

ಪಿತ್ತಕೋಶ ಎಂಬುದೊಂದು ಸಣ್ಣ ಚೀಲ. ಬಲಗಡೆ ಯಕೃತ್ತಿನ ಕೆಳಗೆ ಅಂಟಿಕೊಂಡಿರುತ್ತದೆ. ಯಕೃತ್ತು ತಯಾರಿಸುವ ಪಿತ್ತರಸವನ್ನು ಕೂಡಿಡುತ್ತದೆ. ಬೆಣ್ಣೆ, ಎಣ್ಣೆ ಹೊಟ್ಟೆಗೆ ಬಿದ್ದಾಗ ಹಿಂಡಿಕೊಂಡು ರಸವನ್ನು ಕರುಳಿಗೆ ಬಿಡುತ್ತದೆ. ಒಳಗೆ ಕಲ್ಲು ಕಟ್ಟಿ ಅದರ ಬಾಯಿಗೆ ಸಿಕ್ಕಿಕೊಂಡರೆ, ಹಿಂಡಿದಾಗಲೆಲ್ಲ ನೋವು. ಊಟವಾದ ಮೇಲೆ, ಹೆಚ್ಚಾಗಿ ರಾತ್ರಿ ಬರುತ್ತದೆ. ಅರ್ಧ ತಾಸೋ ನಾಲ್ಕಾರು ತಾಸೋ ಇದ್ದು ಬಿಡುತ್ತದೆ. ಹೊಟ್ಟೆಯ ಹುಣ್ಣೂ ಸುಮಾರು ಹೀಗೇ ನೋಯಿಸಬಹುದು, ಹೃದಯದ ತೊಂದರೆಯೂ ಇದೇ ವೇಷದಲ್ಲಿ ಬರಬಹುದು. ಆದ್ದರಿಂದ ವೈದ್ಯರಿಗೆ ಅನುಮಾನ ಇರುವುದು ತಪ್ಪಲ್ಲ. ಅನುಮಾನ ರೋಗದ ಮೇಲೋ, ರೋಗಿಯ ಮೇಲೋ ಎಂಬುದು ನಮ್ಮ ಪ್ರಶ್ನೆ.

ಮೊದಲ ಕಡೆ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಎರಡನೆಯ ಕಡೆ ಅವ್ವನನ್ನು ಮೇಲಿಂದ ಕೆಳಗೆ ನೋಡಿ, ಇಷ್ಟು ಸಣಕಲು ಮೈಗೆ ಪಿತ್ತಕೋಶದ ಕಲ್ಲು ಬರುವುದಿಲ್ಲ ಅಂದರು. ಪಿತ್ತಕೋಶದ ಕಲ್ಲು ಯಾರಿಗೆ ಬರುತ್ತದೆ ಎಂದು ನೆನಪಿಡಲು ವೈದ್ಯಕೀಯ ವಿದ್ಯಾರ್ಥಿಗಳಿಗೆ ಒಂದು ಸೂತ್ರ ಕಲಿಸುತ್ತಾರಂತೆ: ದಪ್ಪಗಿದ್ದವಳು, ನಲವತ್ತಾದವಳು, ಹೆಣ್ಣು, ಹೆರುವವಳು. ಇಂಗ್ಲಿಷಿನಲ್ಲಿ ನಾಲ್ಕೂ ಪದ 'ಎಫ್' ಅಕ್ಷರದಿಂದ ಶುರುವಾಗುತ್ತವೆ. ಗಂಡಸರಿಗಿಂತ ಹೆಂಗಸರಿಗೆ ಈ ಕಲ್ಲು ಹೆಚ್ಚು ಎಂಬುದು ನಿಜ. ಆದರೆ ಸಣ್ಣಗಿರುವವರಿಗೆ ಬರಬಾರದು ಎಂದು ಕಲ್ಲಿಗೆ ಯಾರೂ ಕಾನೂನು ಮಾಡಿಲ್ಲ. ಸೂತ್ರ ಇರುವುದು ಕಣ್ಣು ತೆರೆಸಲಿಕ್ಕೆ; ಇಲ್ಲಿ ಅದೇ ಕಣ್ಣು ಮುಚ್ಚಿಸಿತು.

ಮೂರನೆಯ ಕಡೆ ಸ್ಕ್ಯಾನ್ ಬರೆದರು. ಆರೆಂಟು ತಾಸು ಏನೂ ತಿನ್ನದೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದರು. "ಖಾಲಿ ಹೊಟ್ಟೆ ನಮಗೇನು ಹೊಸದಾ?" ಎಂದು ಅವ್ವ ನಕ್ಕಳು. ಉಪವಾಸವಿದ್ದಾಗ ಪಿತ್ತಕೋಶ ತುಂಬಿ ಉಬ್ಬಿರುತ್ತದೆ, ಯಂತ್ರಕ್ಕೆ ಚೆನ್ನಾಗಿ ಕಾಣುತ್ತದೆ. ತಿಂದರೆ ಹಿಂಡಿಕೊಂಡು ಮುದುಡುತ್ತದೆ. ಇದನ್ನು ಯಾರೂ ಅವಳಿಗೆ ಬಿಡಿಸಿ ಹೇಳಲಿಲ್ಲ. ಅಂದು ಬೆಳಿಗ್ಗೆ ಐದಕ್ಕೇ ಎರಡು ಮನೆ ಮುಗಿಸಿ, ಅಲ್ಲಿ ಕೊಟ್ಟ ಹಾಲು ಹಾಕಿದ ಚಹಾ ಕುಡಿದು ಬಂದಿದ್ದಳು. ನಾಳೆ ಬಾ ಎಂದು ಗದರಿ ಕಳಿಸಿದರು. ಪರೀಕ್ಷೆಯ ನಿಯಮ ಸರಿಯಾದದ್ದೇ. ಆದರೆ ನಾಳೆ ಎಂಬುದು ಎಲ್ಲರ ಬಳಿಯೂ ಒಂದೇ ಬೆಲೆಗೆ ಇರುವುದಿಲ್ಲ. ನಮಗೆ ಒಂದು ನಾಳೆ ಎಂದರೆ ಒಂದು ದಿನದ ಗಳಿಕೆ, ಮೂರು ಮನೆಯವರ ಮುನಿಸು.

ಮರುದಿನ ಸ್ಕ್ಯಾನ್ ಆಯಿತು. ಕಲ್ಲು ಕಾಣಲಿಲ್ಲ. ಚೀಟಿ ಕೊಟ್ಟವರು "ನಿಮಗೇನೂ ಇಲ್ಲ" ಅಂದರು. ಹೊರಗಿನ ಬೆಂಚಿನ ಮೇಲೆ ಕೂತು ಅವ್ವ ಆಡಿದ ಮಾತನ್ನು ನಾವು ಮರೆಯುವುದಿಲ್ಲ: "ಒಂದು ಕಲ್ಲಾದ್ರೂ ಇರಬಾರದಿತ್ತಾ?"

ಗೆಳೆಯರೇ, ಈ ಮಾತಿನ ಮುಂದೆ ಸ್ವಲ್ಪ ನಿಲ್ಲೋಣ. ಒಬ್ಬ ಮನುಷ್ಯಳು ತನ್ನ ಒಡಲಲ್ಲಿ ಕಲ್ಲಿರಲಿ ಎಂದು ಬಯಸುವ ಸ್ಥಿತಿ ಎಂಥದು? ಅವಳಿಗೆ ರೋಗ ಬೇಕಾಗಿರಲಿಲ್ಲ, ಸಾಕ್ಷಿ ಬೇಕಾಗಿತ್ತು. ಕಲ್ಲು ಸಿಕ್ಕಿದ್ದರೆ ಅವಳು ಸುಳ್ಳಿ ಅಲ್ಲ, ಸೋಮಾರಿ ಅಲ್ಲ, ಕೆಲಸ ತಪ್ಪಿಸಲು ನೆವ ಹೂಡಿದವಳಲ್ಲ ಎಂದು ಮೂರು ಮನೆಯವರ ಮುಂದೆ ಅದು ಹೇಳುತ್ತಿತ್ತು. ಅವಳ ಮಾತಿಗಿಂತ ಆ ಕಲ್ಲಿನ ಮಾತಿಗೆ ಬೆಲೆ ಹೆಚ್ಚು.

ಆದರೆ ವೈದ್ಯಶಾಸ್ತ್ರವೇ ಒಂದು ವಿಚಿತ್ರ ಸಂಗತಿ ಹೇಳುತ್ತದೆ. ಎಷ್ಟೋ ಜನರ ಪಿತ್ತಕೋಶದಲ್ಲಿ ಕಲ್ಲುಗಳಿರುತ್ತವೆ, ಅವರಿಗೆ ಜೀವಮಾನವೆಲ್ಲ ನೋವೇ ಬರುವುದಿಲ್ಲ. ಅಂಥ ಮೂಕ ಕಲ್ಲುಗಳಿಗೆ ಸಾಮಾನ್ಯವಾಗಿ ಆಪರೇಷನ್ ಬೇಕಿಲ್ಲ. ಇನ್ನು ಕೆಲವರಿಗೆ ನೋವು ಹಾಗೇ ಬರುತ್ತದೆ, ಚಿತ್ರದಲ್ಲಿ ಕಲ್ಲು ಕಾಣುವುದಿಲ್ಲ. ತೀರ ಸಣ್ಣದಿದ್ದು ಕಣ್ಣು ತಪ್ಪಿಸಿರಬಹುದು, ಕೋಶ ಸರಿಯಾಗಿ ಹಿಂಡಿಕೊಳ್ಳದೆ ಇರಬಹುದು, ಅಥವಾ ಕಾರಣ ಬೇರೆ ಅಂಗದಲ್ಲೇ ಇರಬಹುದು. ಅಂದರೆ ಸಾಕ್ಷಿಯಿದ್ದ ಕಡೆ ನೋವಿಲ್ಲ, ನೋವಿದ್ದ ಕಡೆ ಸಾಕ್ಷಿಯಿಲ್ಲ ಎಂಬುದು ನಡೆಯುತ್ತಲೇ ಇರುತ್ತದೆ. ಕಂಡ ಕಲ್ಲು ನೋವಿಗೆ ಕಾರಣವೋ ಅಲ್ಲವೋ ಎಂದು ತೀರ್ಮಾನಿಸಲೂ ಕೊನೆಗೆ ರೋಗಿಯ ಮಾತನ್ನೇ ಕೇಳಬೇಕು. ಎಲ್ಲಿ, ಯಾವಾಗ, ಎಷ್ಟು ಹೊತ್ತು, ಏನು ತಿಂದ ಮೇಲೆ? ಯಂತ್ರ ಎಷ್ಟು ದೊಡ್ಡದಾದರೂ ಈ ಮಾತಿನ ಜಾಗಕ್ಕೆ ಬರಲಾರದು. "ಕಲ್ಲು ಕಾಣಲಿಲ್ಲ" ಎಂಬುದು ವಿಜ್ಞಾನ. "ನಿಮಗೇನೂ ಇಲ್ಲ" ಎಂಬುದು ಅಧಿಕಾರ.

ನಾವಿರುವ ಬಡಾವಣೆಗೆ ಹೆಸರು ಕೊಟ್ಟ ಅರಸರ ಕಾಲದಲ್ಲೂ ಇಂಥದೇ ಪ್ರಶ್ನೆ ಎದ್ದಿತ್ತು. 1974ರ ಭೂಸುಧಾರಣೆ ತಿದ್ದುಪಡಿ ಜಾರಿಯಾದಾಗ ಗೇಣಿದಾರರು ಏಳನೇ ನಂಬರಿನ ಫಾರಂ ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತರು. ಎಷ್ಟೋ ಜನರ ಬಳಿ ಗೇಣಿ ಚೀಟಿಯೇ ಇರಲಿಲ್ಲ. ಧಣಿ ಬಾಯಿಮಾತಿನಲ್ಲಿ ಕೊಟ್ಟ ಹೊಲ. ಕೈಯಲ್ಲಿ ಕಾಗದವಿಲ್ಲ, ಅಂಗೈಯಲ್ಲಿ ದಡ್ಡು ಇದೆ. ಆ ದಡ್ಡು ಸಾಕ್ಷಿಯೇ ಅಲ್ಲವೇ? ಕಾಗದ ಯಾವತ್ತೂ ಉಳ್ಳವರ ಪೆಟ್ಟಿಗೆಯಲ್ಲಿರುತ್ತದೆ. ಅದನ್ನು ತಂದರೇ ನಂಬುತ್ತೇವೆ ಎನ್ನುವ ನ್ಯಾಯ ಇಲ್ಲದವರನ್ನು ವಿಚಾರಣೆಗೆ ಮೊದಲೇ ಸೋಲಿಸಿರುತ್ತದೆ.

ನಂಬದಿರುವುದರ ಹಿಂದೆ ಇನ್ನೂ ಹಳೆಯದೊಂದು ಇದೆ. ಅದು ಮುಟ್ಟದಿರುವುದು. ಅಂಬೇಡ್ಕರರು 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಕಾಠೇವಾಡದ ಒಬ್ಬ ಅಸ್ಪೃಶ್ಯ ಶಾಲಾ ಮಾಸ್ತರರ ಪತ್ರವನ್ನು ಸೇರಿಸಿದ್ದಾರೆ. 1929ರ ಡಿಸೆಂಬರ್ 12ರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾದ ಪತ್ರ ಅದು. ಮಾಸ್ತರರ ಹೆಂಡತಿ ಹೆತ್ತ ಎರಡು ದಿನಕ್ಕೆ ಕಾಯಿಲೆ ಬಿದ್ದಳು. ವೈದ್ಯ ಕೇರಿಯೊಳಗೆ ಬರಲು ಒಪ್ಪಲಿಲ್ಲ. ಬಾಣಂತಿಯನ್ನೇ ಕೇರಿಯ ಹೊರಗೆ ತಂದರು. ಆಗಲೂ ಮುಟ್ಟಲಿಲ್ಲ. ಜ್ವರದ ಕಡ್ಡಿಯನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಮಾಸ್ತರರಿಗೆ, ಮಾಸ್ತರರು ಹೆಂಡತಿಗೆ. ಅದೇ ದಾರಿಯಲ್ಲಿ ಕಡ್ಡಿ ವಾಪಸು ಬಂತು. ದೀಪದ ಬೆಳಕಿನಲ್ಲಿ ನೋಡಿ ನ್ಯುಮೋನಿಯಾ ಅಂದ. ಆಮೇಲೆ ಬಂದು ನೋಡಲಿಲ್ಲ. ಆಕೆ ಸತ್ತಳು. ರೋಗದ ಹೆಸರು ಸಿಕ್ಕಿತ್ತು, ರೋಗಿ ಸಿಕ್ಕಿರಲಿಲ್ಲ. ಹಳ್ಳಿಯ ಮಾಸ್ತರರೇ, ಈ ಪತ್ರ ಬರೆದವರು ನಿಮ್ಮಂಥವರೇ ಒಬ್ಬರು.

ಇಂದು ಯಾರೂ ಹಾಗೆ ಹೇಳುವುದಿಲ್ಲ. ಆದರೆ ಮೇಜಿನ ಆ ಕಡೆ ಕೂತೇ ಚೀಟಿ ಬರೆದು ತಳ್ಳುವ ಕೈಯನ್ನು ನೋಡಿದಾಗ ಆ ಜ್ವರದ ಕಡ್ಡಿ ನೆನಪಾಗುತ್ತದೆ. ನಾಲ್ಕನೆಯ ಕಡೆ, ಒಂದು ಸರ್ಕಾರಿ ಆಸ್ಪತ್ರೆಯಲ್ಲಿ, ಇನ್ನೂ ಕಲಿಯುತ್ತಿದ್ದ ವಯಸ್ಸಿನ ಒಬ್ಬ ಹುಡುಗಿ ಡಾಕ್ಟರು ಅವ್ವನನ್ನು ಮಲಗಿಸಿದಳು. ಬಲ ಪಕ್ಕೆಲುಬಿನ ಅಡಿ ಬೆರಳೂರಿ "ಉಸಿರು ಒಳಕ್ಕೆ ಎಳಕೊಳ್ಳಿ ಅಮ್ಮಾ" ಅಂದಳು. ಷಿಕಾಗೋದ ಶಸ್ತ್ರವೈದ್ಯ ಜಾನ್ ಮರ್ಫಿ ನೂರು ವರ್ಷಕ್ಕೂ ಹಿಂದೆ ತೋರಿಸಿಕೊಟ್ಟ ಪರೀಕ್ಷೆ ಇದು. ಪಿತ್ತಕೋಶ ಬೇನೆಗೊಂಡಿದ್ದರೆ ಉಸಿರು ಅರ್ಧಕ್ಕೇ ನಿಂತುಬಿಡುತ್ತದೆ. ಕಾಸಿಲ್ಲ, ಕರೆಂಟಿಲ್ಲ, ಒಂದು ಕೈ ಸಾಕು. ಅವ್ವನ ಉಸಿರು ತಡೆಯಿತು. ಆ ಹುಡುಗಿ ಹೇಳಿದ್ದು ಇಷ್ಟೆ: "ನೋವು ಇರೋದು ನಿಜ. ಯಾತಕ್ಕೆ ಅಂತ ನನಗೆ ಇನ್ನೂ ಗೊತ್ತಾಗಿಲ್ಲ. ಹುಡುಕೋಣ." ಎಂಟು ತಿಂಗಳಲ್ಲಿ ಅವ್ವ ಅತ್ತದ್ದು ಅವತ್ತೊಂದೇ ದಿನ.

ನಮ್ಮ ನೈತಿಕ ಪ್ರಶ್ನೆಗೆ ಉತ್ತರ ಇದ್ದರೆ ಈ ಮೂರು ಮಾತಿನಲ್ಲಿದೆ. ನಂಬುವುದು ಎಂದರೆ ತಿಳಿಯದ್ದನ್ನು ತಿಳಿದಿದೆ ಎನ್ನುವುದಲ್ಲ. ಕಲ್ಲು ಕರಗಿಸುವ ಪುಡಿ ಮಾರುವವನು, ದೃಷ್ಟಿ ತೆಗೆಯುವವನು, ಕುಲದೇವರ ಮುನಿಸು ಎನ್ನುವವನು ಇವರೆಲ್ಲ ಅವ್ವನ ನೋವನ್ನು ಕೂಡಲೇ ನಂಬಿದರು. ಯಾಕೆಂದರೆ ಅವರ ಬಳಿ ಮಾರಾಟಕ್ಕೆ ಉತ್ತರ ಸಿದ್ಧವಿತ್ತು. ನೋವು ನಿಜ ಎನ್ನಲು ಪರೀಕ್ಷೆ ಬೇಕಿಲ್ಲ. ಕಾರಣ ಇದೇ ಎನ್ನಲು ಪರೀಕ್ಷೆ ಬೇಕೇ ಬೇಕು. ಮೊದಲನೆಯದನ್ನು ಒಪ್ಪದವರು ಕ್ರೂರಿಗಳು, ಎರಡನೆಯದನ್ನು ಒಪ್ಪದವರು ಮೋಸಗಾರರು. ಇವೆರಡರ ನಡುವೆ "ಗೊತ್ತಿಲ್ಲ, ಹುಡುಕೋಣ" ಎಂದು ಜೊತೆಗೆ ನಿಲ್ಲುವುದೇ ಕಷ್ಟದ ದಾರಿ.

ವ್ಯವಸ್ಥೆಗೆ ಈ ಹುಡುಕಾಟದ ಗೋಜು ಬೇಡ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಂಟು. ಒಳ್ಳೆಯದೇ. ಆದರೆ ಅದು ಮುಖ್ಯವಾಗಿ ಹೆಸರಿರುವ ರೋಗಕ್ಕೆ, ಆಸ್ಪತ್ರೆಗೆ ಸೇರಿದವರಿಗೆ. ಹೆಸರು ಸಿಗುವವರೆಗಿನ ಬಸ್ಸಿನ ಖರ್ಚು, ತಪ್ಪಿದ ಕೂಲಿ, ಕ್ಯೂನಲ್ಲಿ ಕಳೆದ ಬೆಳಗುಗಳು ಯಾವ ಕಾರ್ಡಿಗೂ ಸೇರುವುದಿಲ್ಲ. ಕೊಯ್ಯಲು ದುಡ್ಡಿದೆ, ಕೇಳಲು ಪುರುಸೊತ್ತಿಲ್ಲ.

ಹಾಗಾದರೆ ನಾವು ಮಾಡಬಹುದಾದದ್ದೇನು? ನಾವೀಗ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಅವ್ವನಿಗೆ ಓದು ಬರದು. ಅವಳು ಹೇಳುತ್ತಾಳೆ, ನಾವು ಬರೆಯುತ್ತೇವೆ: ತಾರೀಖು, ಶುರುವಾದ ಹೊತ್ತು, ಬಿಟ್ಟ ಹೊತ್ತು, ತಿಂದದ್ದು, ಎಲ್ಲಿಂದ ಎಲ್ಲಿಗೆ ಹೋಯಿತು, ಅವಳದೇ ಮಾತಿನಲ್ಲಿ. "ಒಳಗೆ ಯಾರೋ ಬಟ್ಟೆ ಹಿಂಡಿದಂಗೆ." ಆ ಹುಡುಗಿ ಡಾಕ್ಟರು ಚೀಟಿಗಿಂತ ಮೊದಲು ಇದನ್ನು ಓದಿದಳು. ಮತ್ತೊಂದು ಸ್ಕ್ಯಾನ್, ಹೊಟ್ಟೆಯ ಹುಣ್ಣಿದೆಯೇ ಎಂದು ನೋಡುವ ಎಂಡೋಸ್ಕೋಪಿ ಬರೆದಿದ್ದಾಳೆ. ಅದರಲ್ಲೂ ತಿಳಿಯದಿದ್ದರೆ ಕೋಶ ಎಷ್ಟು ಹಿಂಡಿಕೊಳ್ಳುತ್ತದೆ ಎಂದು ಅಳೆಯುವ ಪರೀಕ್ಷೆ ಇದೆಯಂತೆ. ಜ್ವರ, ಚಳಿ ಬಂದರೆ, ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ತಾಸುಗಟ್ಟಲೆ ನೋವು ಬಿಡದಿದ್ದರೆ ಕಾಯಬೇಡಿ, ರಾತ್ರಿಯಾದರೂ ಬನ್ನಿ ಎಂದಿದ್ದಾಳೆ. ಇದನ್ನು ಕೇರಿಯ ಪ್ರತಿ ಮನೆಯೂ ತಿಳಿದಿರಬೇಕು.

ಓದು ಬರೆಹ ಕಲಿತ ವಿದ್ಯಾರ್ಥಿಗಳು, ಮಾಸ್ತರರು ವಾರಕ್ಕೊಂದು ದಿನ ಒಬ್ಬರ ಜೊತೆ ಆಸ್ಪತ್ರೆಗೆ ಹೋಗಿ ಪಕ್ಕದಲ್ಲಿ ನಿಂತರೆ ಸಾಕು. ಅವರ ಪರವಾಗಿ ಮಾತಾಡಬೇಕಿಲ್ಲ. ಅವರ ಮಾತು ಅರ್ಧಕ್ಕೆ ನಿಲ್ಲದಂತೆ ನೋಡಿಕೊಂಡರೆ ಸಾಕು.

ಅವ್ವನ ನೋವಿಗೆ ಇನ್ನೂ ಹೆಸರು ಸಿಕ್ಕಿಲ್ಲ. ಮುಂದಿನ ವಾರ ಎಂಡೋಸ್ಕೋಪಿ. ಕಲ್ಲೋ, ಹುಣ್ಣೋ, ಇನ್ನೇನೋ ನಮಗೆ ಗೊತ್ತಿಲ್ಲ. ನಿನ್ನೆ ರಾತ್ರಿ ಮತ್ತೆ ಬಂತು. ಗ್ಯಾಸು ಎಂದು ಯಾರೂ ಅನ್ನಲಿಲ್ಲ. ಒಬ್ಬ ಬೆನ್ನಿಗೆ ಕೈಯಿಟ್ಟು ಕೂತ, ಒಬ್ಬ ಗಡಿಯಾರ ನೋಡಿ ಬರೆದುಕೊಂಡ. ಹನ್ನೆರಡೂ ಹತ್ತಕ್ಕೆ ಶುರು, ಎರಡೂ ಮುಕ್ಕಾಲಿಗೆ ಬಿಟ್ಟಿತು. ಬೆಳಿಗ್ಗೆ ಮೂರು ಮನೆಗೂ ಹೋಗಿ, ಅವ್ವ ಇವತ್ತು ಬರೋದಿಲ್ಲ, ಅವಳಿಗೆ ನೋವು ಎಂದು ನಾವೇ ಹೇಳಿ ಬಂದೆವು. ಚೀಟಿ ತೋರಿಸಲಿಲ್ಲ.