ಒಲ್ಲದುದನ್ನು ಬಿಟ್ಟರೆ ವ್ರತವಾದೀತೆ?

ಜೈನ ಗೃಹಸ್ಥನ ಅಡಿಗೆಮನೆಯಲ್ಲಿ ತಿನ್ನತಕ್ಕದ್ದು ಯಾವುದು, ತಿನ್ನಬಾರದ್ದು ಯಾವುದು ಎಂಬ ವಿವೇಕವು ತಲೆತಲಾಂತರದಿಂದ ನಡೆದುಬಂದಿದೆ. ಮದ್ಯ ಮಾಂಸ ಮಧುಗಳ ತ್ಯಾಗ, ಪಂಚ ಉದುಂಬರ ಫಲಗಳ ತ್ಯಾಗ, ಕಂದಮೂಲಗಳ ವರ್ಜನೆ, ಸೋಸಿದ ನೀರು, ಸೂರ್ಯಾಸ್ತಕ್ಕೆ ಮುಂಚಿನ ಊಟ ಇವುಗಳನ್ನು ನಮ್ಮ ಮಕ್ಕಳು ಅಕ್ಷರ ಕಲಿಯುವುದಕ್ಕೆ ಮೊದಲೇ ಕಲಿಯುತ್ತಾರೆ. ಆದರೆ ಇದರ ಪಕ್ಕದಲ್ಲಿಯೇ ಪ್ರತಿಯೊಂದು ಮನೆಯಲ್ಲಿಯೂ ಇನ್ನೊಂದು ಪಟ್ಟಿ ಇರುವುದುಂಟು. ಅದನ್ನು ಯಾವ ಆಚಾರ್ಯರೂ ಬರೆದಿಲ್ಲ. ಯಜಮಾನರಿಗೆ ಹಾಗಲಕಾಯಿ ಸೇರದು. ಹಿರಿಯ ಮಗನಿಗೆ ಪಡವಲಕಾಯಿಯ ವಾಸನೆಯೇ ಆಗದು. ಮಗಳು ಮೆಂತ್ಯದ ಸೊಪ್ಪನ್ನು ಎಲೆ ಎಲೆಯಾಗಿ ಆರಿಸಿ ತಟ್ಟೆಯ ಅಂಚಿಗೆ ಸರಿಸುತ್ತಾಳೆ. ಅಜ್ಜನಿಗೆ ಸಾರು ತಿಳಿಯಾಗಿರಬೇಕು, ಅಜ್ಜಿಗೆ ಮಂದವಾಗಿರಬೇಕು. ಮೊದಲನೆಯ ಪಟ್ಟಿ ಧರ್ಮದ್ದು, ಎರಡನೆಯದು ನಾಲಗೆಯದು. ಇವೆರಡಕ್ಕೂ ಇರುವ ಸಂಬಂಧವೇನು, ಎರಡನೆಯ ಪಟ್ಟಿಯ ಭಾರವನ್ನು ಮನೆಯಲ್ಲಿ ಯಾರು ಹೊರಬೇಕು ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದೆ.

ಎರಡು ಪಟ್ಟಿಗಳು ಒಂದರೊಳಗೊಂದು ಬೆರೆತುಹೋಗುವ ಕಾಲ ಚಾತುರ್ಮಾಸ್ಯ. ಗುರುಗಳ ಸನ್ನಿಧಿಯಲ್ಲಿ ಶ್ರಾವಕ ಶ್ರಾವಿಕೆಯರು ಒಬ್ಬೊಬ್ಬರೂ ಒಂದೊಂದು ವಸ್ತುವನ್ನು ಬಿಡುವ ನಿಯಮ ಕೈಕೊಳ್ಳುತ್ತಾರೆ. ಆಗ ಹಾಗಲಕಾಯಿಯನ್ನು ಹುಟ್ಟಿದಂದಿನಿಂದ ಮುಟ್ಟದವನು ಹಾಗಲಕಾಯಿಯನ್ನೇ ಬಿಡುವುದೂ, ಹಾಲು ಕಂಡರೆ ಮುಖ ತಿರುಗಿಸುವವನು ಹಾಲಿನ ತ್ಯಾಗವನ್ನೇ ಆರಿಸಿಕೊಳ್ಳುವುದೂ ನಡೆಯುತ್ತದೆ. ಇದರಲ್ಲಿ ವಂಚನೆಯ ಉದ್ದೇಶವಿರಲಾರದು. ಬಿಡುವುದು ಸುಲಭವಾದುದನ್ನು ಬಿಡುವುದು ಮನುಷ್ಯ ಸ್ವಭಾವ. ಆದರೂ ಅದು ವ್ರತವೆನಿಸೀತೆ ಎಂಬ ಪ್ರಶ್ನೆ ಉಳಿಯುತ್ತದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುವಾಗ ಈ ಪ್ರಶ್ನೆಗೆ ಬಹು ಸೂಕ್ಷ್ಮವಾದ ಉತ್ತರವನ್ನು ಇಟ್ಟಿದ್ದಾರೆ. ದೇಹಕ್ಕೆ ಅಹಿತವಾದುದನ್ನು ಬಿಡಬೇಕು. ಸಜ್ಜನರಿಗೆ ಸೇವಿಸಲು ತಕ್ಕುದಲ್ಲದುದನ್ನೂ ಬಿಡಬೇಕು. ಆದರೆ ಇಷ್ಟರಿಂದಲೇ ವ್ರತವಾಗುವುದಿಲ್ಲ. ತನಗೆ ಯೋಗ್ಯವಾಗಿದ್ದು, ತಾನು ಅನುಭವಿಸಬಹುದಾದ ವಿಷಯದಿಂದ ತಿಳಿದು, ಸಂಕಲ್ಪಪೂರ್ವಕವಾಗಿ ಹಿಂದೆ ಸರಿಯುವುದೇ ವ್ರತವೆಂದು ಅವರ ಅಭಿಪ್ರಾಯ. ಈ ಮೂರರಲ್ಲಿ ನಮ್ಮ ಹಾಗಲಕಾಯಿಯ ಅರುಚಿ ಎಲ್ಲಿ ಕುಳಿತೀತು? ಹಾಗಲಕಾಯಿ ಅಹಿತವಲ್ಲ, ಅಸೇವ್ಯವೂ ಅಲ್ಲ. ಅದನ್ನು ಒಲ್ಲದವನಿಗೆ ಅದರಲ್ಲಿ ಭೋಗವೇ ಇಲ್ಲವಾದ್ದರಿಂದ ಹಿಂದೆ ಸರಿಯುವ ಮಾತೂ ಬರುವುದಿಲ್ಲ. ಹಾಗೆಂದು ಅದು ಪಾಪವೂ ಅಲ್ಲ. ಅದು ಬರಿಯ ಅರುಚಿ. ಅದಕ್ಕೆ ವ್ರತದ ಹೆಸರಿಡಬಾರದು, ಅಷ್ಟೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕಾಗಿದೆ. ರುಚಿಯ ಮೇಲಿನ ಮೋಹವೇ ಬಂಧನ, ಅರುಚಿಯೆಂದರೆ ವೈರಾಗ್ಯಕ್ಕೆ ಸಮೀಪ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ‘ನನಗೆ ಊಟದಲ್ಲಿ ಆಸೆಯಿಲ್ಲ, ಇದೂ ಬೇಡ, ಅದೂ ಬೇಡ’ ಎನ್ನುವವರನ್ನು ವಿರಕ್ತರೆಂದು ಭಾವಿಸುವುದೂ ಉಂಟು. ಶಾಸ್ತ್ರವು ಇದಕ್ಕೆ ಒಪ್ಪುವುದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಪರಿಗ್ರಹ ವ್ರತವನ್ನು ದೃಢಪಡಿಸುವ ಭಾವನೆಗಳನ್ನು ಹೇಳುವಲ್ಲಿ ಉಮಾಸ್ವಾಮಿಗಳು ಇಂದ್ರಿಯಗಳಿಗೆ ಹಿತವಾದುದರಲ್ಲಿ ರಾಗವನ್ನೂ ಅಹಿತವೆನಿಸಿದುದರಲ್ಲಿ ದ್ವೇಷವನ್ನೂ ಒಟ್ಟಿಗೇ ಬಿಡಿಸಿದ್ದಾರೆ. ಅಂದರೆ ದ್ವೇಷವೂ ಒಂದು ಪರಿಗ್ರಹವೇ ಸರಿ. ಮೈಸೂರುಪಾಕನ್ನು ಬಯಸುವವನು ಅದನ್ನು ಮನಸ್ಸಿನಲ್ಲಿ ಹಿಡಿದಿರುವಂತೆಯೇ ಹಾಗಲಕಾಯಿಯನ್ನು ಒಲ್ಲದವನೂ ಅದನ್ನು ಹಿಡಿದೇ ಇದ್ದಾನೆ. ಅಡಿಗೆಮನೆಯಿಂದ ಒಗ್ಗರಣೆಯ ವಾಸನೆ ಬಂದೊಡನೆ ‘ಇವತ್ತೂ ಅದೇ ಏನು?’ ಎಂದು ಕೇಳುವವನ ಮನಸ್ಸು ಊಟಕ್ಕೆ ಮುಂಚೆಯೇ ತಟ್ಟೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಚಾರಿತ್ರಮೋಹನೀಯದ ಒಂಬತ್ತು ನೋಕಷಾಯಗಳಲ್ಲಿ ರತಿಯ ಜೊತೆಗೆ ಅರತಿಯೂ ಜುಗುಪ್ಸೆಯೂ ಸೇರಿವೆಯೆಂಬುದನ್ನು ವಾಚಕರು ನೆನಪಿಗೆ ತಂದುಕೊಳ್ಳಬಹುದು.

ಹಾಗಾದರೆ ಅರುಚಿಯುಳ್ಳವನು ದೋಷಿಯೇ? ಇಲ್ಲಿ ಅವಸರದ ತೀರ್ಮಾನ ಸಲ್ಲದು. ನಾಲಗೆಗಳು ಹುಟ್ಟಿನಿಂದಲೇ ಭಿನ್ನವಾಗಿರುತ್ತವೆಂದು ವಿಜ್ಞಾನವು ತೋರಿಸಿಕೊಟ್ಟಿದೆ. ೧೯೩೧ರಲ್ಲಿ ಅಮೆರಿಕದ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞರ ಪ್ರಯೋಗಾಲಯದಲ್ಲಿ ಫಿನೈಲ್ ಥಯೋಕಾರ್ಬಮೈಡ್ ಎಂಬ ಪುಡಿಯು ಗಾಳಿಗೆ ಹಾರಿತು. ಜೊತೆಯಲ್ಲಿದ್ದವರು ಬಾಯೆಲ್ಲ ಕಹಿಯಾಯಿತೆಂದು ದೂರಿದರು. ಫಾಕ್ಸ್ ಅವರಿಗೆ ಮಾತ್ರ ಏನೂ ತಿಳಿಯಲಿಲ್ಲ. ಒಂದೇ ಕೋಣೆ, ಒಂದೇ ಪುಡಿ, ಎರಡು ನಾಲಗೆ. ಈ ಭೇದಕ್ಕೆ ಮುಖ್ಯ ಕಾರಣವಾದ ವಂಶವಾಹಿಯನ್ನು ೨೦೦೩ರಲ್ಲಿ ಗುರುತಿಸಲಾಯಿತು. ಎರಡು ವರ್ಷ ದಾಟಿದ ಮಕ್ಕಳು ಹೊಸ ಪದಾರ್ಥಗಳಿಗೆ ಹೆದರುವುದೂ ಬೆಳವಣಿಗೆಯ ಒಂದು ಹಂತವೇ ಆಗಿದ್ದು, ಬಹುಪಾಲು ಮಕ್ಕಳಲ್ಲಿ ಕಾಲಕ್ರಮದಲ್ಲಿ ಕಡಿಮೆಯಾಗುತ್ತದೆ. ಕೆಲವರಲ್ಲಿ ಮಾತ್ರ ಆಹಾರದ ವಾಸನೆ, ಮೃದುತ್ವ ಅಥವಾ ಬಣ್ಣದ ಭಯವು ದೇಹ ಸೊರಗುವಷ್ಟು ಬಲವಾಗಿರುತ್ತದೆ. ಅಮೆರಿಕದ ಮನೋವೈದ್ಯರ ಸಂಘವು ೨೦೧೩ರ ತನ್ನ ರೋಗ ವರ್ಗೀಕರಣದಲ್ಲಿ ಇದನ್ನು ಚಿಕಿತ್ಸೆಗೆ ತಕ್ಕ ಒಂದು ವ್ಯಾಧಿಯೆಂದೇ ಪರಿಗಣಿಸಿತು. ಸಮಂತಭದ್ರರಿಗೇ ಭಸ್ಮಕ ವ್ಯಾಧಿಯುಂಟಾಗಿ, ಗುರುಗಳು ಅವರಿಗೆ ಸಲ್ಲೇಖನದ ಅನುಮತಿ ಕೊಡದೆ ಮೊದಲು ದೇಹವನ್ನು ಸರಿಪಡಿಸಿಕೊಳ್ಳುವಂತೆ ಆಜ್ಞಾಪಿಸಿದರೆಂಬ ಕಥೆ ನಮ್ಮ ಪರಂಪರೆಯಲ್ಲಿದೆ. ರೋಗವನ್ನು ದೋಷವೆಂದು ಬಗೆಯುವ ಕ್ರೌರ್ಯ ಧರ್ಮಕ್ಕೆ ಸೇರಿದ್ದಲ್ಲ.

ಆದಕಾರಣ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ‘ಇದು ನನಗೆ ಕಹಿ’ ಎಂಬುದು ನಾಲಗೆಯ ವರದಿ. ಅದು ಕರ್ಮೋದಯದಿಂದ ಬಂದದ್ದು, ಅದನ್ನು ಬೈದು ಫಲವಿಲ್ಲ. ‘ಇದು ನನಗೆ ಕಹಿಯಾದ್ದರಿಂದ ಮನೆಯಲ್ಲಿ ಇದನ್ನು ಮಾಡಕೂಡದು, ಮಾಡಿದರೆ ನನಗೆ ಬೇರೆ ಅಡಿಗೆಯಾಗಬೇಕು’ ಎಂಬುದು ಮನಸ್ಸಿನ ಆಜ್ಞೆ. ಅದು ನಮ್ಮ ಕೈಯಲ್ಲಿದೆ, ಅದಕ್ಕೆ ನಾವು ಹೊಣೆ.

ಈ ಆಜ್ಞೆಯನ್ನು ಪಾಲಿಸುವವರು ಯಾರು? ಸೂರ್ಯಾಸ್ತಕ್ಕೆ ಮುಂಚೆ ಎಲ್ಲರ ಊಟ ಮುಗಿಯಬೇಕಾದ ಮನೆಯಲ್ಲಿ ಚಳಿಗಾಲದ ಸಂಜೆ ಎಷ್ಟು ಕಿರಿದೆಂಬುದು ಒಲೆಯ ಮುಂದೆ ನಿಂತವರಿಗೆ ಗೊತ್ತು. ಮೊದಲೇ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಅಡಿಗೆ. ಅಷ್ಟಮಿ ಚತುರ್ದಶಿಗಳಲ್ಲಿ ಹಸಿರು ತರಕಾರಿಯೂ ಇಲ್ಲ. ಉಳಿದ ನಾಲ್ಕಾರು ಪದಾರ್ಥಗಳಲ್ಲಿ ಒಬ್ಬರಿಗೆ ತೊಂಡೆ ಬೇಡ, ಇನ್ನೊಬ್ಬರಿಗೆ ಹೀರೆ ಬೇಡ ಎಂದರೆ ಆ ಗೃಹಿಣಿ ಏನು ಮಾಡಬೇಕು? ಬೆಳಗಾವಿಯ ಕಡೆಯಿಂದ ದಕ್ಷಿಣ ಕನ್ನಡಕ್ಕೆ ಸೊಸೆಯಾಗಿ ಬಂದವಳಿಗೆ ಜೋಳದ ರೊಟ್ಟಿಯ ಬದಲು ಕುಚ್ಚಲಕ್ಕಿಯ ಅನ್ನ, ಶೇಂಗಾ ಹಿಂಡಿಯ ಬದಲು ತೆಂಗಿನಕಾಯಿಯ ಪಲ್ಯ. ಅವಳು ವರ್ಷದೊಳಗೆ ಎಲ್ಲರ ರುಚಿಯನ್ನೂ ಅರಿತುಕೊಳ್ಳುತ್ತಾಳೆ. ಮಾವನವರಿಗೆ ಖಾರ ಎಷ್ಟು, ಮೈದುನನಿಗೆ ಉಪ್ಪು ಎಷ್ಟು ಎಂಬುದು ಅವಳ ಕೈಗೆ ಗೊತ್ತು. ಅವಳಿಗೆ ಯಾವುದು ಸೇರದು, ಯಾವುದನ್ನು ತಿಂದು ಎಷ್ಟು ಕಾಲವಾಯಿತು ಎಂಬುದು ಆ ಮನೆಯಲ್ಲಿ ಎಷ್ಟು ಮಂದಿಗೆ ಗೊತ್ತಿದೆ? ತನಗೊಬ್ಬಳಿಗೋಸ್ಕರ ಮಾಡಿಕೊಳ್ಳುವುದೇಕೆ ಎಂದು ತನ್ನ ಇಷ್ಟವನ್ನು ಮೌನವಾಗಿ ಬಿಟ್ಟುಕೊಟ್ಟವಳ ತ್ಯಾಗಕ್ಕೆ ಯಾವ ಸಭೆಯಲ್ಲಿಯೂ ಹಾರ ಹಾಕಿದ್ದನ್ನು ಕಾಣೆವು. ಆಚಾರ್ಯರ ಮಾತಿನಂತೆ ತೂಗಿದರೆ, ಇಷ್ಟವಾದುದನ್ನು ತಿಳಿದು ಒಪ್ಪಿ ಬಿಟ್ಟಿದ್ದಲ್ಲಿ ಅವಳದು ವ್ರತಕ್ಕೆ ಹತ್ತಿರ. ಬೇರೆ ದಾರಿಯಿಲ್ಲದೆ ಬಿಟ್ಟಿದ್ದಲ್ಲಿ ಅದು ಮನೆಯವರು ಉತ್ತರಿಸಬೇಕಾದ ಅನ್ಯಾಯ. ಹಿಂಸೆಯನ್ನು ಕೃತ, ಕಾರಿತ, ಅನುಮತ ಎಂದು ವಿಂಗಡಿಸಿದ ಧರ್ಮದಲ್ಲಿ ಹುಟ್ಟಿದ ನಾವು, ನಮ್ಮ ನಾಲಗೆಗೋಸ್ಕರ ಇನ್ನೊಬ್ಬರ ಬೆನ್ನು ನೋಯುವುದನ್ನು ಲೆಕ್ಕಕ್ಕೆ ಹಿಡಿಯದೆ ಇರಲಾಗದು.

ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಕೊನೆಯ ಎರಡನ್ನು ಈ ದೃಷ್ಟಿಯಿಂದ ನೋಡಿರಿ. ಹತ್ತನೆಯದು ಅನುಮತಿತ್ಯಾಗ. ಆ ಮೆಟ್ಟಿಲಿನವನು ಮನೆಯ ಆರಂಭಗಳಲ್ಲಿ ಹೀಗೆ ಮಾಡಿರಿ, ಹಾಗೆ ಮಾಡಿರಿ ಎಂದು ಅನುಮತಿ ಕೊಡುವುದನ್ನೂ ಬಿಡುತ್ತಾನೆ. ಹನ್ನೊಂದನೆಯದು ಉದ್ದಿಷ್ಟತ್ಯಾಗ. ತನ್ನನ್ನು ಉದ್ದೇಶಿಸಿ ಮಾಡಿದ ಆಹಾರವನ್ನು ಅವನು ಸ್ವೀಕರಿಸನು. ಅಣುವ್ರತಗಳಿಂದ ಆರಂಭವಾದ ಏಣಿಯು ‘ನನಗಾಗಿ ಬೇರೆ ಮಾಡಬೇಡಿರಿ’ ಎಂಬಲ್ಲಿಗೆ ಬಂದು ಮುಟ್ಟುತ್ತದೆಂಬುದು ಆಲೋಚಿಸತಕ್ಕ ವಿಷಯ. ಪ್ರತಿದಿನ ತನಗೋಸ್ಕರ ಇನ್ನೊಂದು ಪಲ್ಯ ಮಾಡಿಸುವ ಗೃಹಸ್ಥನು ಆ ಏಣಿಗೆ ಬೆನ್ನು ತಿರುಗಿಸಿ ಕುಳಿತಂತಾಯಿತು. ಮುನಿಗಳ ಆಹಾರಕ್ಕೆ ಶಾಸ್ತ್ರಕಾರರು ಕೊಟ್ಟ ಹೆಸರುಗಳೂ ಹಾಗೆಯೇ ಇವೆ. ಹುಲ್ಲು ಹಾಕಿದವರ ಅಲಂಕಾರವನ್ನು ನೋಡದೆ ಮೇಯುವ ಹಸುವಿನಂತೆ ಗೋಚಾರ. ಬಂಡಿ ಸಾಗಲೆಂದು ಅಚ್ಚಿಗೆ ಎಣ್ಣೆ ಸವರಿದಂತೆ ಅಕ್ಷಮ್ರಕ್ಷಣ. ಹಳ್ಳವನ್ನು ಸಿಕ್ಕಿದ ಮಣ್ಣಿನಿಂದ ತುಂಬಿದಂತೆ ಗರ್ತಪೂರಣ. ಹೂವಿಗೆ ನೋವಾಗದಂತೆ ಸ್ವೀಕರಿಸುವ ಭ್ರಾಮರಿ. ಹೂವಿಗೆ ನೋವಾಗಬಾರದೆಂಬ ಎಚ್ಚರವು ಗೃಹಸ್ಥನಿಗೂ ಸಲ್ಲತಕ್ಕದ್ದೇ.

ಆದರೆ ಈ ಮಾತುಗಳನ್ನೇ ಕೋಲಾಗಿ ಹಿಡಿದುಕೊಂಡು ಮಕ್ಕಳ ಮೇಲೆ ಬೀಸುವವರೂ ಇದ್ದಾರೆ. ಅದು ಇನ್ನೊಂದು ತಪ್ಪು. ಮಗುವಿನ ಬಾಯಿಗೆ ಬಲಾತ್ಕಾರದಿಂದ ತುರುಕಿದ ತುತ್ತಿನಿಂದ ರಸಪರಿತ್ಯಾಗವಾಗದು, ಜಿಹ್ವೇಂದ್ರಿಯ ಜಯವೂ ಆಗದು. ಸಂಕಲ್ಪವೇ ವ್ರತದ ಜೀವವಾಗಿರುವಾಗ ಇನ್ನೊಬ್ಬರ ತಟ್ಟೆಯ ಮೇಲೆ ನಮ್ಮ ಸಂಕಲ್ಪ ನಡೆಯಲಾರದು. ‘ಹಾಗಲಕಾಯಿ ತಿಂದರೆ ಪಾಯಸ’ ಎಂಬ ಆಮಿಷವೂ ಬೇಡ. ಅದರಿಂದ ಪಾಯಸದ ಮೇಲೆ ಮೋಹವೂ ಹಾಗಲದ ಮೇಲೆ ದ್ವೇಷವೂ ಒಟ್ಟಿಗೇ ಬೆಳೆಯುತ್ತವೆ. ಮಕ್ಕಳ ಆಹಾರವನ್ನು ಕುರಿತು ನಡೆದ ಪ್ರಯೋಗಗಳು ತೋರಿಸಿರುವುದು ಇದನ್ನೇ. ಒತ್ತಾಯವಿಲ್ಲದೆ, ಸ್ವಲ್ಪ ಸ್ವಲ್ಪವಾಗಿ, ಎಂಟು ಹತ್ತು ಬಾರಿ ಅಥವಾ ಇನ್ನೂ ಹೆಚ್ಚು ಸಲ ಎದುರಿಗಿಟ್ಟ ಪದಾರ್ಥವನ್ನು ಅನೇಕ ಮಕ್ಕಳು ತಾವಾಗಿಯೇ ಸ್ವೀಕರಿಸುತ್ತಾರೆ; ಹಿರಿಯರು ಅದನ್ನು ಸಂತೋಷದಿಂದ ತಿನ್ನುವುದನ್ನು ಕಂಡರೆ ಇನ್ನೂ ಬೇಗ. ಪಡವಲಕಾಯಿಯನ್ನು ತಾನು ಮುಟ್ಟದೆ ಮಗನಿಗೆ ಉಪದೇಶಿಸುವ ತಂದೆಯ ಮಾತಿಗೆ ತೂಕವಿರದು.

ಇಲ್ಲಿ ಒಂದು ಗಂಭೀರವಾದ ಎಚ್ಚರಿಕೆಯನ್ನೂ ಹೇಳಬೇಕು. ಹರೆಯದ ಹುಡುಗಿಯೋ ಹುಡುಗನೋ ಪರ್ವದಿಂದ ಪರ್ವಕ್ಕೆ ಒಂದೊಂದು ಪದಾರ್ಥವನ್ನು ಬಿಡುತ್ತ ಹೋದರೆ, ಪಾರಣೆಯ ದಿನವೂ ಉಣ್ಣಲು ಹಿಂಜರಿದರೆ, ದೇಹ ಇಳಿಯುತ್ತ ಹೋದರೆ, ಅದನ್ನು ತಪಸ್ಸೆಂದು ಹೊಗಳುವ ಮೊದಲು ವಿಚಾರಿಸಬೇಕು. ಉಪವಾಸದಿಂದ ಮನಸ್ಸು ಶಾಂತವಾಗುತ್ತಿದೆಯೇ? ಸ್ವಾಧ್ಯಾಯ ಸಾಮಾಯಿಕಗಳಲ್ಲಿ ನಿಲ್ಲುತ್ತಿದೆಯೇ? ಅಥವಾ ಹಗಲಿರುಳೂ ಆಹಾರದ ಭಯದಲ್ಲಿಯೇ ಸುತ್ತುತ್ತಿದೆಯೇ? ಎರಡನೆಯದಾದರೆ ಅದು ವ್ರತದ ಉಡುಪು ತೊಟ್ಟ ಸಂಕಟ. ಮೊದಲು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಹೊಗಳಿಕೆಯು ಅಂತಹ ಮಗುವಿಗೆ ಅಪಾಯವನ್ನೇ ತಂದೀತು.

ಉಳಿದ ನಾವೆಲ್ಲರೂ, ಆರೋಗ್ಯವಂತರಾದ ಗೃಹಸ್ಥರು, ಮಾಡಬಹುದಾದುದೇನು? ಕಾಲದ ಮಿತಿಯುಳ್ಳುದು ನಿಯಮ, ಜೀವಾವಧಿಯದು ಯಮ ಎಂದು ಸಮಂತಭದ್ರರು ವಿಭಾಗಿಸಿರುವುದು ನಮ್ಮಂತಹ ದುರ್ಬಲರಿಗೆ ದೊಡ್ಡ ಅನುಕೂಲ. ಒಂದು ಪಕ್ಷ, ಒಂದು ಮಾಸ ಎಂದು ನಿಯಮ ಹಿಡಿಯಬಹುದು. ಊಟದ ಹೊತ್ತಿನ ಮೌನವು ನಮ್ಮ ಹಳೆಯ ಸಂಪ್ರದಾಯ. ಅದನ್ನು ಮತ್ತೆ ಆಚರಣೆಗೆ ತಂದರೆ ‘ಉಪ್ಪು ಕಡಿಮೆ’, ‘ಇದನ್ನು ಯಾಕೆ ಮಾಡಿದೆ’ ಎಂಬ ಮಾತುಗಳು ತಾವಾಗಿ ನಿಲ್ಲುತ್ತವೆ. ಬಿಡುವ ನಿಯಮ ಹಿಡಿಯುವವನು ತನಗೆ ಪ್ರಿಯವಾದುದನ್ನೇ ಬಿಡಲಿ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರು ರಸಗಳಲ್ಲಿ ಯಾವುದು ಇಲ್ಲದಿದ್ದರೆ ಊಟ ಇಳಿಯದೋ ಅದರಿಂದ ಆರಂಭಿಸಲಿ. ಒಲ್ಲದ ಪದಾರ್ಥವನ್ನು ದ್ವೇಷವಿಲ್ಲದೆ ಒಂದು ತುತ್ತು ಸ್ವೀಕರಿಸುವ ನಿಯಮವೂ ಆಗಬಹುದು. ಅದಕ್ಕೂ ಮನಸ್ಸು ಒಪ್ಪದಿದ್ದರೆ ಸದ್ದಿಲ್ಲದೆ ಬಿಟ್ಟು, ಇದ್ದುದರಲ್ಲಿ ಉಂಡು ಏಳಲಿ. ಬೇರೆ ಪದಾರ್ಥ ಬೇಕೇ ಬೇಕೆಂದರೆ ಹಗಲಿರುವಾಗಲೇ ಒಲೆಯ ಬಳಿಗೆ ಹೋಗಿ ತಾನೇ ಮಾಡಿಕೊಳ್ಳಲಿ. ಗಂಡಸಿಗೆ ಅದರಿಂದ ಮಾನಹಾನಿಯಿಲ್ಲ. ಮನೆಯಲ್ಲಿ ಯಾರಾದರೂ ನಿಜವಾದ ವ್ರತದಲ್ಲಿದ್ದರೆ ಅವರಿಗೆ ಬೇಕಾದ ಪ್ರತ್ಯೇಕ ಅಡಿಗೆಯನ್ನು ಸಂತೋಷದಿಂದ ಮಾಡಿಕೊಡುವುದು ಉಳಿದವರ ಕರ್ತವ್ಯ. ತನ್ನ ವ್ರತದಿಂದ ಇತರರಿಗೆ ಭಾರ ಹೆಚ್ಚದಂತೆ ನೋಡಿಕೊಳ್ಳುವುದು ವ್ರತಿಯ ಕರ್ತವ್ಯ.

ಬರುವ ಪರ್ವಕ್ಕೆ ನಿಯಮ ತೆಗೆದುಕೊಳ್ಳುವ ಮುನ್ನ ಪ್ರತಿಯೊಬ್ಬರೂ ತಮ್ಮನ್ನು ತಾವು ಎರಡು ಪ್ರಶ್ನೆ ಕೇಳಿಕೊಳ್ಳುವುದು ಯುಕ್ತ. ನಾನು ಬಿಡಹೊರಟಿರುವುದು ನನಗೆ ಬೇಕಾದುದೋ, ಬೇಡವಾದುದೋ? ಇದರಿಂದ ಅಡಿಗೆಮನೆಯಲ್ಲಿ ಇರುವವರ ಕೆಲಸ ಇಳಿಯುವುದೋ, ಏರುವುದೋ? ಇವಕ್ಕೆ ಪ್ರಾಮಾಣಿಕವಾದ ಉತ್ತರ ಸಿಕ್ಕಿದ ಮೇಲೆ ಗುರುಗಳ ಮುಂದೆ ಕೈಮುಗಿದರೆ ಆ ನಿಯಮವು ಸಾರ್ಥಕವಾಗುವುದರಲ್ಲಿ ಸಂಶಯವಿಲ್ಲ.