ಕ್ಯಾರಿಯರ್ ಮೇಲೆ ಕೂತವಳು

ಮಗಳ ಮದುವೆಗೆ ಇನ್ನು ನಾಲ್ಕು ತಿಂಗಳಿದೆ. ಗಂಡು ಗೊತ್ತು ಮಾಡಿದವರು ನಾವಲ್ಲ, ಅವಳೇ. ನಿಶ್ಚಿತಾರ್ಥವಾದ ಮೇಲೆ ಇಬ್ಬರೂ ಭಾನುವಾರ ಬಂತೆಂದರೆ ಬೆಳಗಿನ ಐದೂವರೆಗೇ ಎದ್ದು, ತಮ್ಮ ತಮ್ಮ ಸೈಕಲ್ ಹತ್ತಿ ಹೊರಟುಬಿಡುತ್ತಾರೆ. ನಮ್ಮ ಮೈಸೂರಿನಿಂದ ತಿ. ನರಸೀಪುರದ ಕಡೆ ಹೋಗುವಾಗ ವರುಣಾ ನಾಲೆ ಸಿಗುತ್ತದಲ್ಲ, ಅದರ ಏರಿಯ ಮೇಲಿನ ಹಾದಿ ಅವರ ಮೆಚ್ಚಿನ ಜಾಗ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ತೆಂಗಿನ ತೋಟ. ವಾಪಸು ಬರುವಾಗ ಗೂಡಂಗಡಿಯಲ್ಲಿ ಎರಡು ಟೀ. ಒಂದು ವಾರ ಅವನು ದುಡ್ಡು ಕೊಟ್ಟರೆ ಮರುವಾರ ಇವಳು. ಇವರ ತಿರುಗಾಟದ ಖರ್ಚು ಅಷ್ಟೇ.

ಎದುರುಮನೆಯಾಕೆ ಸುಮ್ಮನಿರಬೇಕಲ್ಲ. "ಏನ್ರೀ, ಹುಡುಗ ದೊಡ್ಡ ಕಂಪನೀಲಿದ್ದಾನೆ ಅಂತೀರಿ. ಒಂದು ಸಿನಿಮಾ ಇಲ್ಲ, ಹೋಟೆಲಿಲ್ಲ, ಹುಡುಗಿ ಕೈಲಿ ಸೈಕಲ್ ತುಳಿಸ್ಕೊಂಡು ತಿರುಗ್ತಾನಲ್ಲ! ಈಗಲೇ ಹಿಂಗಾದ್ರೆ ಮುಂದೆ?" ಎಂದರು. ನಾನು ನಕ್ಕು ಒಳಗೆ ಬಂದೆ. ಆದರೆ ಒಲೆಯ ಮೇಲಿನ ಹಾಲು ಉಕ್ಕುವವರೆಗೂ ಆ ಮಾತು ತಲೆಯಲ್ಲಿ ಸುತ್ತುತ್ತಲೇ ಇತ್ತು. ಯಾಕೆಂದರೆ ಅದೇ ಮಾತನ್ನು ಒಂದು ಕಾಲದಲ್ಲಿ ನಾನೇ ಆಡಿದವಳು.

1991. ನಮಗೆ ಮದುವೆಯಾಗಿ ಎಂಟು ತಿಂಗಳು. ನಮ್ಮವರ ಹತ್ತಿರ ಒಂದು ಕಪ್ಪು ಸೈಕಲ್ಲಿತ್ತು. ಸಂಜೆ ಆಫೀಸಿನಿಂದ ಬಂದು ಕಾಫಿ ಕುಡಿದು "ಬಾ, ಒಂದು ಸುತ್ತು ಹೋಗಿ ಬರೋಣ" ಎನ್ನುತ್ತಿದ್ದರು. ನಾನು ಸೀರೆಯ ನೆರಿಗೆ ಚಕ್ರಕ್ಕೆ ಸಿಕ್ಕದ ಹಾಗೆ ಒತ್ತಿಕೊಂಡು ಕ್ಯಾರಿಯರ್ ಮೇಲೆ ಒಂದೇ ಪಕ್ಕಕ್ಕೆ ಕೂರುತ್ತಿದ್ದೆ. ಡಬಲ್ಸ್ ಹೋದರೆ ಪೊಲೀಸರು ಹಿಡಿದು ಗಾಳಿ ಬಿಡುತ್ತಾರೆಂಬ ಭಯ ಬೇರೆ. ಅದಕ್ಕೇ ಸರ್ಕಲ್ ಬಂದಾಗ ನಾನು ಇಳಿದು ನಡೆಯುವುದು, ದಾಟಿದ ಮೇಲೆ ಮತ್ತೆ ಹತ್ತುವುದು. ಮೊದಮೊದಲು ಅದೂ ಚೆನ್ನಾಗಿಯೇ ಇತ್ತೆನ್ನಿ.

ಒಂದು ಸಂಜೆ ಲಲಿತಮಹಲ್ ರಸ್ತೆಯ ಕಡೆ ಹೋಗಿದ್ದೆವು. ಆ ಬಿಳಿಯ ಅರಮನೆ 1974ರಿಂದಲೇ ಹೋಟೆಲಾಗಿತ್ತು. ಗೇಟಿನ ಮುಂದೆ ಒಂದು ಕಾರು ನಿಂತು, ಒಳಗಿನಿಂದ ನನ್ನ ವಯಸ್ಸಿನವಳೇ ಒಬ್ಬಳು ಇಳಿದಳು. ನಾನು "ರೀ, ಒಂದೇ ಒಂದು ಸಲ ಒಳಗೆ ಹೋಗಿ ಕಾಫಿ ಕುಡಿಯೋಣ" ಎಂದೆ. ಅವರು ತಿರುಗಿ ಕೂಡ ನೋಡದೆ, "ಮನೇಲಿ ಕಾಫಿಪುಡಿ ಇದೆಯಲ್ಲ" ಎಂದರು. ನನಗೆ ಎಲ್ಲಿತ್ತೋ ಸಿಟ್ಟು! "ಇಂಥ ಜಿಪುಣರನ್ನು ಕಟ್ಟಿಕೊಂಡು ನಾನು ಜೀವನವೆಲ್ಲ ಕ್ಯಾರಿಯರ್ ಮೇಲೇ ಕೂತಿರಬೇಕು" ಎಂದುಬಿಟ್ಟೆ. ಆಮೇಲೆ ಮನೆ ಬರುವತನಕ ಇಬ್ಬರೂ ಮಾತಾಡಲಿಲ್ಲ. ಮಾರನೆಯ ದಿನದಿಂದ "ಬಾ" ಎಂದು ಅವರು ಕರೆಯಲೂ ಇಲ್ಲ. ಸಂಜೆಯ ಸುತ್ತಾಟ ಅಲ್ಲಿಗೇ ನಿಂತಿತು.

ಪ್ರೀತಿಗೆ ದುಡ್ಡು ಬೇಕಿಲ್ಲ ಎಂದು ಹೇಳುವುದು ಸುಲಭ. ದುಡ್ಡಿದ್ದವರು ಹೇಳಿದರೆ ಅದು ದೊಡ್ಡತನ, ಇಲ್ಲದವರು ಹೇಳಿದರೆ ನೆಪ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮಜ್ಜಿಯೂ ಹೇಳುತ್ತಿದ್ದರು. ಆದರೆ ಹಾಸಿಗೆ ಎಷ್ಟುದ್ದವಿದೆ ಎಂದು ಪಕ್ಕದಲ್ಲಿ ಮಲಗುವವಳಿಗೆ ತಿಳಿಸಬೇಡವೇ? ನಮ್ಮವರು ಆಗ ತಂಗಿಯ ಮದುವೆಯ ಸಾಲ ತೀರಿಸುತ್ತಿದ್ದರಂತೆ. ನನಗೆ ಅದು ತಿಳಿದದ್ದು ಸಾಲವೆಲ್ಲ ತೀರಿದ ಮೇಲೆ, ಅದೂ ನಾದಿನಿಯ ಬಾಯಿಂದ. ತಿಳಿದಾಗ ನನ್ನ ಮಾತಿಗೆ ನಾನೇ ನಾಚಿದ್ದು ನಿಜ. ಜೊತೆಗೆ ಅವರ ಮೇಲೆ ಇನ್ನಷ್ಟು ಕೋಪ ಬಂದದ್ದೂ ನಿಜ. ಕಡಿಮೆಯಲ್ಲಿ ಬದುಕೋಣ ಎಂದು ಇಬ್ಬರೂ ಕೂತು ತೀರ್ಮಾನಿಸಿದರೆ ಅದು ಸರಳತೆ. ಒಬ್ಬರೇ ತೀರ್ಮಾನಿಸಿ ಇನ್ನೊಬ್ಬರಿಂದ ಪಾಲಿಸಿಕೊಂಡರೆ, ಎಷ್ಟೇ ಒಳ್ಳೆಯ ಕಾರಣವಿರಲಿ, ಪಾಲಿಸಿದವಳ ಪಾಲಿಗೆ ಅದು ಜಿಪುಣತನವೇ. ಇಂದಿಗೂ ನನಗೆ ಹಾಗೆಯೇ ಅನ್ನಿಸುತ್ತದೆ.

ನನ್ನ ತಪ್ಪೂ ಇತ್ತು. ಮದುವೆಯಾದ ಹೊಸದರಲ್ಲಿ ಅವರು "ಸೈಕಲ್ ಕಲಿಸ್ತೀನಿ, ಬಾ" ಎಂದಿದ್ದರು. ಸೀರೆಯುಟ್ಟವಳು ಸೈಕಲ್ ತುಳಿದರೆ ಬೀದಿಯವರು ಏನಂದಾರು ಎಂದು ನಾನೇ ಒಲ್ಲೆನೆಂದೆ. ಸರಿಸುಮಾರು ಅದೇ ವರ್ಷಗಳಲ್ಲಿ ತಮಿಳುನಾಡಿನ ಪುದುಕೊಟ್ಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹಳ್ಳಿಯ ಹೆಂಗಸರು ಸಾವಿರಗಟ್ಟಲೆ ಸೈಕಲ್ ಕಲಿತರೆಂದು ಬಹಳ ವರ್ಷಗಳ ಮೇಲೆ ಓದಿದೆ. ಕಲ್ಲು ಕ್ವಾರಿಯಲ್ಲಿ ದುಡಿಯುವವರೂ ಅವರಲ್ಲಿದ್ದರು. ಅವರೂ ಸೀರೆ ಉಟ್ಟವರೇ ತಾನೆ?

ಮಗಳು ಮಾತ್ರ ಬಿಡಲಿಲ್ಲ. 2017ರಲ್ಲಿ ನಮ್ಮೂರಲ್ಲಿ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ಬಂದಾಗ ಕಾಲೇಜಿಗೆ ಅದರಲ್ಲೇ ಹೋಗಿ ಬರುತ್ತಿದ್ದಳು. ಆಮೇಲೆ ಸ್ವಂತದ್ದು ಕೊಂಡಳು. ಮೊನ್ನೆ ಎದುರುಮನೆಯಾಕೆಯ ಮಾತನ್ನು ಅವಳ ಕಿವಿಗೆ ಹಾಕಿದೆ. ಬೈಯುತ್ತಾಳೆಂದುಕೊಂಡರೆ ನಗುತ್ತಾ, "ಅಮ್ಮಾ, ಹೋಟೆಲಲ್ಲಿ ಎಲ್ಲರೂ ಒಳ್ಳೆಯವರೇ. ಸೈಕಲ್ಲಲ್ಲಿ ಏರು ಬಂದಾಗ ಹಿಂದಿರೋರಿಗೆ ಕಾಯ್ತಾನೋ ಇಲ್ವೋ ಗೊತ್ತಾಗತ್ತೆ" ಎಂದಳು.

"ಕಾಯ್ತಾನಾ?"

"ಮೊದಲನೇ ವಾರ ಕಾಯಲಿಲ್ಲ. ನಾನು ಅರ್ಧ ದಾರಿಯಿಂದ ಮನೆಗೆ ವಾಪಸ್ ಬಂದ್ಬಿಟ್ಟೆ. ಆಮೇಲಿಂದ ಕಾಯ್ತಾನೆ."

ಅರ್ಧ ದಾರಿಯಿಂದ ವಾಪಸು ಬರುವುದು! ಅವಳ ಕಾಲ ಕೆಳಗೆ ಅವಳದೇ ಪೆಡಲ್ ಇತ್ತು, ಬಂದಳು. ಲಲಿತಮಹಲಿನ ಮುಂದೆ ಅಷ್ಟು ಸಿಟ್ಟು ಮಾಡಿಕೊಂಡ ನಾನು ಮನೆ ಸೇರಿದ್ದು ಬೈಸಿಕೊಂಡವರ ಬೆನ್ನ ಹಿಂದೆ, ಅವರ ಸೀಟು ಹಿಡಿದುಕೊಂಡೇ. ಆ ಸಂಜೆ ನನ್ನ ಬಾಯಿ ಅಷ್ಟು ಕಹಿಯಾದದ್ದು ಕಾಫಿ ಸಿಗಲಿಲ್ಲವೆಂದು ಮಾತ್ರ ಅಲ್ಲವೇನೋ.

ಅಂದು ರಾತ್ರಿ ಊಟವಾದ ಮೇಲೆ ನಮ್ಮವರಿಗೆ ಕೇಳಿದೆ, ಆ ದಿನ ನೆನಪಿದೆಯೇ ಎಂದು. ಅಡಿಕೆ ಕತ್ತರಿಸುತ್ತಿದ್ದವರು ತಲೆಯೆತ್ತಲಿಲ್ಲ. "ಜೇಬಲ್ಲಿ ಹನ್ನೊಂದು ರೂಪಾಯಿ ಇತ್ತು" ಎಂದರು.

"ಅಷ್ಟನ್ನೇ ಹೇಳಬಹುದಿತ್ತಲ್ಲ."

"ಹೇಳೋಣ ಅಂತಲೇ ಇದ್ದೆ. ನೀನು ಹಿಂದೆ ಕೂತಿದ್ದೆ. ಮುಖ ಕಾಣಿಸ್ತಿರಲಿಲ್ಲ."

ನಾಳೆ ಮತ್ತೆ ಭಾನುವಾರ. ಇಬ್ಬರಿಗೂ ಒಂದೊಂದು ಡಬ್ಬಿ ಚಿತ್ರಾನ್ನ ಕಟ್ಟಿಕೊಡಬೇಕು. ಹೋದ ವಾರದ ಡಬ್ಬಿಯ ಮುಚ್ಚಳ ಇನ್ನೂ ಆ ಹುಡುಗನ ಹತ್ತಿರವೇ ಉಳಿದಿದೆ.